ಬದನೆಕಾಯಿಯ ಪದರಗಳು

ಬದನೆಕಾಯಿಯನ್ನು ನಮ್ಮ ಗಾದೆಗಳು ನಡೆಸಿಕೊಂಡ ರೀತಿ ಅಷ್ಟೇನೂ ಗೌರವದ್ದಲ್ಲ. ಅನುಭವದ ಸೋಂಕಿಲ್ಲದ ವಿದ್ಯೆಯನ್ನು ‘ಪುಸ್ತಕದ ಬದನೆಕಾಯಿ’ ಎಂದು ಹಳಿಯುತ್ತೇವೆ. ನುಡಿಯೊಂದು ನಡೆಯೊಂದಾದವನನ್ನು ಕಂಡರೆ ‘ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ’ ಎಂದು ನಗುತ್ತೇವೆ. ಕೆಲವು ಮನೆಗಳಲ್ಲಿ ವ್ರತದ ದಿನಗಳಂದು ಬದನೆಕಾಯಿ ವರ್ಜ್ಯ. ಆ ನಿಷೇಧವನ್ನು ಸಭೆಯಲ್ಲಿ ಬೋಧಿಸಿ ಮನೆಯಲ್ಲಿ ಮೀರುವ ಪುರಾಣಿಕನೇ ಈ ಎರಡನೆಯ ಗಾದೆಯ ನಾಯಕ. ತಿನ್ನುವಾಗ ರುಚಿ, ಹೇಳಿಕೊಳ್ಳುವಾಗ ಸಂಕೋಚ. ಇದು ನಮ್ಮಲ್ಲಿ ಬದನೆಕಾಯಿಯ ಪಾಡು.

ನಮ್ಮಲ್ಲಿ ನಗೆಗೆ ವಸ್ತುವಾದ ಈ ಕಾಯಿ ಬೇರೊಂದು ನಾಡಿನಲ್ಲಿ ಒಂದು ಜನಾಂಗವನ್ನು ಗುರುತಿಸುವ ಕುರುಹಾಗಿತ್ತು; ಕೆಲವೊಮ್ಮೆ ಹಿಡಿದುಕೊಡುವ ಸಾಕ್ಷಿಯೂ ಆಗಿತ್ತು. ಯೆಹೂದ್ಯರ ಅಡುಗೆಯ ಚರಿತ್ರೆಯನ್ನು ಓದುತ್ತಿದ್ದಾಗ ನನಗೆ ಈ ಸಂಗತಿ ತಿಳಿಯಿತು. ಓದಿದ್ದು ಪುಸ್ತಕದ ಬದನೆಕಾಯಿಯಾಗಿಯೇ ಉಳಿಯಬಾರದೆಂದು, ಅವರ ಕ್ರಮದ ಬದನೆಕಾಯಿ ಲಸಾನ್ಯವನ್ನು ನಾನೂ ನನ್ನ ಹೆಂಡತಿಯೂ ಮನೆಯಲ್ಲಿ ಮೂರು ನಾಲ್ಕು ಸಲ ಮಾಡಿ ನೋಡಿದ್ದೇವೆ. ಆ ಭಕ್ಷ್ಯದ ಪದರಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುವುದು ಈ ಬರಹದ ಉದ್ದೇಶ.

ಮೊದಲು ಹೆಸರಿನ ಮಾತು. ಕನ್ನಡ ಮೇಷ್ಟರಿಗೆ ಪದಾರ್ಥವೆಂದರೆ ಪದದ ಅರ್ಥ. ಅಡುಗೆಯವರಿಗೆ ಪದಾರ್ಥವೆಂದರೆ ಎಲೆಗೆ ಬಡಿಸುವ ವಸ್ತು. ಬದನೆಕಾಯಿಯ ವಿಷಯದಲ್ಲಿ ಈ ಎರಡೂ ಜೊತೆಯಾಗಿಯೇ ಪಯಣಿಸಿವೆ. ಭಾರತದಲ್ಲಿ ಬೆಳೆದ ಈ ಕಾಯಿಗೆ ಸಂಸ್ಕೃತದಲ್ಲಿ ‘ವಾತಿಂಗಣ’ ಎಂಬುದೊಂದು ಹೆಸರು. ಅದು ಪಾರಸಿಯಲ್ಲಿ ‘ಬಾದಿಂಗಾನ್’ ಆಯಿತು; ಅರಬ್ಬಿಯಲ್ಲಿ ‘ಅಲ್-ಬಾದಿಂಜಾನ್’ ಆಯಿತು. ಅರಬರೊಡನೆ ಸ್ಪೇನ್ ಮತ್ತು ಸಿಸಿಲಿಗಳನ್ನು ಸೇರಿ, ಫ್ರೆಂಚಿನಲ್ಲಿ ‘ಓಬರ್ಜೀನ್’, ಪೋರ್ಚುಗೀಸಿನಲ್ಲಿ ‘ಬೆರಿಂಜೆಲ’ ಎನಿಸಿಕೊಂಡಿತು. ಆ ಪೋರ್ಚುಗೀಸ್ ಮಾತೇ ಕಡಲು ದಾಟಿ ಬಂದು ನಮ್ಮ ಪೇಟೆಯ ‘ಬ್ರಿಂಜಾಲ್’ ಆದದ್ದು. ತವರಿನ ಹೆಸರು ಲೋಕವನ್ನೆಲ್ಲ ಸುತ್ತಿ, ಗುರುತು ಸಿಗದ ವೇಷದಲ್ಲಿ ತವರಿಗೆ ಮರಳಿತು! ಇಟಲಿಯವರ ಬಾಯಲ್ಲಿ ಮಾತ್ರ ಅದು ‘ಮೆಲಂಜಾನ’. ಜನ ಅದನ್ನು ‘ಮೇಲ ಇನ್ಸಾನ’ ಎಂದು ಒಡೆದು, ‘ಹುಚ್ಚು ಸೇಬು’ ಎಂಬ ಅರ್ಥ ಹಚ್ಚಿದರು. ತಿಂದರೆ ಮತಿ ಕೆಡುವುದೆಂದು ಅಂಜಿದರು. ಆ ಅಂಜಿಕೆ ತೀರ ನಿರಾಧಾರವೂ ಅಲ್ಲ. ಬದನೆ ಮತ್ತು ದತ್ತೂರಿ ಒಂದೇ ಕುಲದ ಗಿಡಗಳು.

ಅರಬರ ಆಳ್ವಿಕೆಯ ಸ್ಪೇನಿನಲ್ಲಿ ಮುಸ್ಲಿಮರಂತೆಯೇ ಯೆಹೂದ್ಯರೂ ಬದನೆಕಾಯಿಯನ್ನು ಮೆಚ್ಚಿ ಉಂಡರು. ಹಂದಿಯ ಕೊಬ್ಬು ಅವರಿಗೆ ನಿಷಿದ್ಧ. ಬೆಣ್ಣೆಯನ್ನು ಮಾಂಸದೊಡನೆ ಬಳಸುವಂತಿಲ್ಲ. ಹಾಗಾಗಿ ಕರಿಯುವುದಕ್ಕೆ ಆಲಿವ್ ಎಣ್ಣೆಯೇ ಗತಿ. ೧೪೭೮ರಲ್ಲಿ ಸ್ಪೇನಿನಲ್ಲಿ ‘ಇನ್‌ಕ್ವಿಸಿಷನ್’ ಎಂಬ ಧರ್ಮವಿಚಾರಣೆಯ ನ್ಯಾಯಸ್ಥಾನ ಸ್ಥಾಪಿತವಾಯಿತು. ಬಲವಂತಕ್ಕೋ ಭಯಕ್ಕೋ ಕ್ರೈಸ್ತರಾದ ಯೆಹೂದ್ಯರು ಒಳಗೊಳಗೆ ಹಳೆಯ ಆಚಾರವನ್ನು ಉಳಿಸಿಕೊಂಡಿದ್ದಾರೆಯೇ ಎಂದು ಶೋಧಿಸುವುದು ಅದರ ಕೆಲಸ. ಶೋಧನೆ ಅಡುಗೆಮನೆಯಿಂದಲೇ ಆರಂಭವಾಗುತ್ತಿತ್ತು. ಈ ಮನೆಯಾಕೆ ಕೊಬ್ಬಿನ ಬದಲು ಎಣ್ಣೆಯಲ್ಲಿ ಬೇಯಿಸಿದಳು, ಶನಿವಾರ ಒಲೆ ಹೊತ್ತಿಸಲಿಲ್ಲ, ಬದನೆಕಾಯಿಯ ಭಕ್ಷ್ಯ ಮಾಡಿದಳು ಎಂದು ಮನೆಯ ಆಳುಗಳೂ ನೆರೆಯವರೂ ನುಡಿದ ಸಾಕ್ಷ್ಯಗಳು ಆ ವಿಚಾರಣೆಗಳ ದಾಖಲೆಗಳಲ್ಲಿವೆ. ಆ ಕಾಲದ ಚರಿತ್ರಕಾರ ಆಂದ್ರೇಸ್ ಬೆರ್ನಾಲ್ದೆಸ್ ಅವರ ಮನೆಗಳಿಂದ ಬರುವ ಎಣ್ಣೆಯಡುಗೆಯ ವಾಸನೆಯನ್ನೇ ದೂಷಣೆಯ ಮಾತಾಗಿ ಬರೆದಿಟ್ಟಿದ್ದಾನೆ. ಬಾಣಲೆಯ ಹೊಗೆಯೇ ಗೃಹಿಣಿಯ ಮೇಲಿನ ದೂರಾದ ಕಾಲವದು.

೧೪೯೨ರಲ್ಲಿ ಸ್ಪೇನಿನ ದೊರೆಗಳು ಯೆಹೂದ್ಯರೆಲ್ಲರನ್ನೂ ದೇಶಭ್ರಷ್ಟರನ್ನಾಗಿಸಿದರು. ಆಗ ಸಿಸಿಲಿಯೂ ಅವರ ವಶದಲ್ಲಿತ್ತಾದ್ದರಿಂದ ಅಲ್ಲಿನವರೂ ಹೊರಡಬೇಕಾಯಿತು. ನೇಪಲ್ಸ್ ರಾಜ್ಯದಿಂದ ೧೫೧೦ರಲ್ಲಿ ಒಮ್ಮೆ, ೧೫೪೧ರಲ್ಲಿ ಮತ್ತೊಮ್ಮೆ ಹೊರದೂಡಿದರು. ಉತ್ತರಕ್ಕೆ ಸರಿದವರಿಗೆ ಅಲ್ಲಿಯೂ ಬಯಲು ದೊರೆಯಲಿಲ್ಲ. ವೆನಿಸಿನಲ್ಲಿ ೧೫೧೬ರಲ್ಲಿ, ರೋಮಿನಲ್ಲಿ ೧೫೫೫ರಲ್ಲಿ, ಫ್ಲಾರೆನ್ಸಿನಲ್ಲಿ ೧೫೭೧ರಲ್ಲಿ ಯೆಹೂದ್ಯರಿಗೆಂದೇ ಪ್ರತ್ಯೇಕ ಕೇರಿಗಳಾದವು. ರಾತ್ರಿಯಾದರೆ ಕೇರಿಯ ಬಾಗಿಲು ಹೊರಗಿನಿಂದ ಮುಚ್ಚುತ್ತಿತ್ತು. ದಕ್ಷಿಣದಿಂದ ಅವರು ತಂದ ರುಚಿಗಳಲ್ಲಿ ಬದನೆಕಾಯಿಯದೂ ಒಂದೆಂದು ವಿದ್ವಾಂಸರು ಹೇಳುತ್ತಾರೆ. ಕೇರಿಯ ಜನ ಹೀನರು, ಆದ್ದರಿಂದ ಅವರು ತಿನ್ನುವ ಕಾಯಿಯೂ ಹೀನ. ನೆರೆಹೊರೆಯ ತರ್ಕ ಇಷ್ಟೇ.

ಹೀಗೆ ಒಲಿಯದ ನಾಡಿನಲ್ಲಿ ನೆಲೆಸಿದ ಜನ ಅಡುಗೆಮನೆಯಲ್ಲಿ ತಮ್ಮದೇ ಶಾಸ್ತ್ರಕ್ಕೆ ಕಟ್ಟುಬಿದ್ದಿದ್ದರು. ಲಸಾನ್ಯವೆಂದರೆ ಗೋದಿಹಿಟ್ಟಿನ ಅಗಲವಾದ ಹಾಳೆ. ಹಾಳೆಗಳ ನಡುವೆ ಮಾಂಸದ ಸಾರನ್ನೂ ಹಾಲಿನ ಪಾಕವನ್ನೂ ಚೀಸನ್ನೂ ಹರಡಿ, ಪದರ ಪದರವಾಗಿ ಬೇಯಿಸುವುದು ಬೊಲೋನ್ಯದ ಕಡೆಯ ಪ್ರಸಿದ್ಧ ಕ್ರಮ. ಆದರೆ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಕೂಡದೆಂಬ ವಿಧಿ ಯೆಹೂದ್ಯರ ಧರ್ಮಗ್ರಂಥದಲ್ಲಿ ಮೂರು ಕಡೆ ಬರುತ್ತದೆ. ಅದರಿಂದ ಬೆಳೆದ ಆಚಾರದಂತೆ ಮಾಂಸವೂ ಹಾಲೂ ಒಂದೇ ಭಕ್ಷ್ಯದಲ್ಲಿ ಕೂಡುವಂತಿಲ್ಲ. ಚೀಸಿದ್ದರೆ ಮಾಂಸವಿಲ್ಲ, ಮಾಂಸವಿದ್ದರೆ ಚೀಸಿಲ್ಲ. ಎರಡನೆಯದಾಗಿ, ಅವರ ಪೂರ್ವಜರು ಈಜಿಪ್ಟಿನ ದಾಸ್ಯದಿಂದ ಬಿಡುಗಡೆಗೊಂಡ ನೆನಪಿನ ಪೆಸಾಹ್ ಹಬ್ಬದಲ್ಲಿ ಹುದುಗಿದ ಹಿಟ್ಟು ಮನೆಯೊಳಗೇ ಇರಕೂಡದು. ಮಾಮೂಲಿ ಲಸಾನ್ಯದ ಹಾಳೆಯೂ ಆಗದು. ಹುದುಗದ ಮಾಟ್ಸ ರೊಟ್ಟಿಯನ್ನು ನೆನೆಸಿ ಹಾಳೆಯಂತೆ ಹಾಸುವುದು ಒಂದು ಉಪಾಯ. ಬದನೆಕಾಯಿಯ ಹೋಳನ್ನೇ ಹಾಳೆಯಾಗಿಸುವುದು ಇನ್ನೊಂದು. ಮೂರನೆಯದು ಸಬ್ಬತ್ತಿನ ನಿಯಮ. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಬೆಂಕಿ ಹೊತ್ತಿಸುವಂತಿಲ್ಲ. ಮೊದಲೇ ಮಾಡಿಟ್ಟು, ಆರಿದ ಮೇಲೂ ರುಚಿಗೆಡದ ಅಡುಗೆ ಬೇಕು. ಎಣ್ಣೆಯಲ್ಲಿ ಬೆಂದ ಬದನೆಕಾಯಿ ಟೊಮೆಟೊ ಸಾರನ್ನು ಹೀರಿಕೊಂಡು ಮಾರನೆಯ ದಿನಕ್ಕೆ ಇನ್ನಷ್ಟು ಹದವಾಗುತ್ತದೆ.

ನಿಯಮ ಅಡುಗೆಯವರ ಕೈ ಕಟ್ಟಿತೆನ್ನುವವರು ಕಂದಪದ್ಯ ಬರೆದವರನ್ನು ಕೇಳಬೇಕು. ಗಣದ ಕಟ್ಟಿಲ್ಲದಿದ್ದರೆ ಎಷ್ಟೋ ಮಾತುಗಳು ಕವಿಗೆ ಹೊಳೆಯುತ್ತಲೇ ಇರಲಿಲ್ಲ.

ಇನ್ನು ಮಾಡುವ ಬಗೆ. ನಾಲ್ಕೈದು ಜನಕ್ಕೆ ಒಂದು ಕಿಲೋ ತೂಗುವ, ಕಪ್ಪುನೇರಳೆ ಬಣ್ಣದ ದೊಡ್ಡ ಬದನೆಕಾಯಿಗಳು ಬೇಕು. ನಮ್ಮ ಎಣ್ಣೆಗಾಯಿಯ ಪುಟ್ಟ ಬದನೆ ಇದಕ್ಕೆ ಒದಗದು. ಸುಟ್ಟು ಬಜ್ಜಿ ಮಾಡುವ ದಪ್ಪ ಬದನೆ ಆದೀತು. ಉದ್ದಕ್ಕೆ, ಅರ್ಧ ಸೆಂಟಿಮೀಟರಿಗಿಂತ ತುಸು ದಪ್ಪನಾಗಿ ಹೆಚ್ಚಬೇಕು. ನಮ್ಮ ಮನೆಗಳಲ್ಲಿ ಹೆಚ್ಚಿದ ಹೋಳು ಕಪ್ಪಾಗದಿರಲೆಂದು ನೀರಿಗೆ ಹಾಕುತ್ತೇವೆ. ಇಲ್ಲಿ ಹಾಗಲ್ಲ, ಉಪ್ಪು ಸವರಿ ಮುಕ್ಕಾಲು ಗಂಟೆ ಓರೆಯಾಗಿ ಇಡಬೇಕು. ಬದನೆಕಾಯಿಯ ತಿರುಳು ಗಾಳಿ ತುಂಬಿದ ಸ್ಪಂಜಿನಂಥದು. ಹಾಗೆಯೇ ಎಣ್ಣೆಗೆ ಬಿಟ್ಟರೆ ಎಣ್ಣೆಯನ್ನೆಲ್ಲ ಕುಡಿಯುತ್ತದೆ. ಉಪ್ಪು ನೀರನ್ನು ಸೆಳೆದು ತಿರುಳನ್ನು ಕುಗ್ಗಿಸುತ್ತದೆ. ಆಮೇಲೆ ತೊಳೆದು, ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಎರಡೂ ಮೈ ಹೊಂಬಣ್ಣಕ್ಕೆ ಬರುವಂತೆ ಎಣ್ಣೆಯಲ್ಲಿ ಬೇಯಿಸಬೇಕು. ಇಲ್ಲವೆ ಎಣ್ಣೆ ಸವರಿ, ೨೦೦ ಡಿಗ್ರಿಯ ಓವನ್‌ನಲ್ಲಿ ಸುಮಾರು ೨೫ ನಿಮಿಷ ಇಡಬೇಕು.

ಒಂದು ಕಿಲೋ ಕಳಿತ ಟೊಮೆಟೊವನ್ನು ಸಿಪ್ಪೆ ತೆಗೆದು, ಜಜ್ಜಿದ ಬೆಳ್ಳುಳ್ಳಿಯ ಮೂರು ನಾಲ್ಕು ಎಸಳಿನೊಡನೆ ಅರ್ಧ ಗಂಟೆಗೂ ಮಿಕ್ಕಿ ಸಣ್ಣ ಉರಿಯಲ್ಲಿ ಕುದಿಸಿ ಗಟ್ಟಿ ಮಾಡಬೇಕು. ಇಳಿಸುವ ಮೊದಲು ಇಟಲಿಯವರು ಹಾಕುವ ಬಸಿಲ್ ಸೊಪ್ಪು ನಮ್ಮ ಕಾಮಕಸ್ತೂರಿಯ ಜಾತಿಯದೇ. ಭಾರತದಿಂದ ಹೊರಟ ಬದನೆ, ಅಮೆರಿಕದಿಂದ ಬಂದ ಟೊಮೆಟೊ: ಒಂದೇ ಸಸ್ಯಕುಲದ ಈ ಎರಡು ಕವಲುಗಳು ಇಟಲಿಯ ಪಾತ್ರೆಯಲ್ಲಿ ಸಂಧಿಸಿದವು.

ನಡುವಿನ ಪದರಕ್ಕೆ ಇಟಲಿಯಲ್ಲಿ ರಿಕೋಟ ಎಂಬ ಮೆತ್ತನೆಯ ಚೀಸು. ನಾವು ಒಂದೂವರೆ ಲೀಟರು ಹಾಲನ್ನು ನಿಂಬೆರಸದಿಂದ ಒಡೆಸಿ, ಬಟ್ಟೆಯಲ್ಲಿ ಸೋಸಿದ ಗಟ್ಟಿಯನ್ನೇ ಬಳಸಿದೆವು. ಚೀಸಿನ ವಿಷಯದಲ್ಲಿ ಯೆಹೂದ್ಯ ಗೃಹಿಣಿಗೂ ನಮ್ಮ ಸಸ್ಯಾಹಾರಿ ಗೃಹಿಣಿಗೂ ಒಂದೇ ಸಂದೇಹ. ಹಳೆಯ ಕ್ರಮದ ಚೀಸುಗಳಲ್ಲಿ ಹಾಲನ್ನು ಹೆಪ್ಪುಗಟ್ಟಿಸುವುದು ಕರುವಿನ ಜಠರದಿಂದ ತೆಗೆದ ರೆನ್ನೆಟ್. ಆಕೆ ಧರ್ಮಗುರುಗಳ ಒಪ್ಪಿಗೆಯ ಮುದ್ರೆಯನ್ನು ಹುಡುಕಿದರೆ ಈಕೆ ಪೊಟ್ಟಣದ ಮೇಲೆ ಹಸಿರು ಚುಕ್ಕೆಯನ್ನು ಹುಡುಕುತ್ತಾಳೆ. ಪಾತ್ರೆಯ ತಳಕ್ಕೆ ಸಾರು, ಮೇಲೆ ಬದನೆಯ ಹೋಳು, ಅದರ ಮೇಲೆ ಹಾಲಿನ ಗಟ್ಟಿ. ಹೀಗೆ ಮೂರು ಸುತ್ತು. ಎಲ್ಲಕ್ಕೂ ಮೇಲೆ ಇನ್ನೂರು ಗ್ರಾಂ ಮೊಝರೆಲ್ಲ ಚೀಸು. ೧೮೦ ಡಿಗ್ರಿಯಲ್ಲಿ ಸುಮಾರು ೪೦ ನಿಮಿಷ ಬೇಯಿಸಬೇಕು. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯನ್ನು ಮುಚ್ಚಿ ಸಣ್ಣ ಉರಿಯಲ್ಲಿಟ್ಟರೂ ನಡೆದೀತು. ಮೇಲ್ಮೈ ಕೆಂಪಗಾಗದು, ರುಚಿಗೆ ಕೊರತೆಯಿಲ್ಲ. ಇಳಿಸಿದ ಮೇಲೆ ಕಾಲು ಗಂಟೆ ತಾಳ್ಮೆಯಿಂದ ಕಾದರೆ ಪದರಗಳು ಕೂಡಿಕೊಂಡು, ಕತ್ತರಿಸುವಾಗ ಕುಸಿಯುವುದಿಲ್ಲ.

ಎರಡನೆಯ ಸಲ ಮಾಡಿದಾಗ ನಮ್ಮ ತಾಯಿಗೆಂದು ಬೆಳ್ಳುಳ್ಳಿಯಿಲ್ಲದೆ ಒಂದು ಚಿಕ್ಕ ಪಾತ್ರೆಯಲ್ಲಿ ಬೇರೆಯಾಗಿ ಮಾಡಿದ್ದೆವು. ಪೆಸಾಹ್ ಹಬ್ಬದ ನಿಯಮವನ್ನೂ ಸಬ್ಬತ್ತಿನ ಸಂಗತಿಯನ್ನೂ ಹೇಳಿದೆ. ಅಮ್ಮ ಕೇಳಿ, ‘ಹಾಗಾದರೆ ಅವರಿಗೂ ಚಾತುರ್ಮಾಸ್ಯ ಇದೆ ಅನ್ನು’ ಎಂದರು. ಶಾಕವ್ರತದ ತಿಂಗಳಲ್ಲಿ ತರಕಾರಿಯಿಲ್ಲದೆ, ದ್ವಿದಳವ್ರತದ ತಿಂಗಳಲ್ಲಿ ಬೇಳೆಯಿಲ್ಲದೆ ಐವತ್ತು ವರ್ಷ ಅಡುಗೆ ಮಾಡಿದವರು ಅವರು. ನಾನು ಒಂದು ಗಂಟೆ ವಿವರಿಸಿದ್ದನ್ನು ಒಂದು ಮಾತಿನಲ್ಲಿ ಹಿಡಿದುಬಿಟ್ಟರು. ಆಮೇಲೆ ತಟ್ಟೆ ನೋಡಿ, ‘ಎಲ್ಲ ಸರಿ ಕಣೋ, ಖಾರ ಹಾಕೋದು ಅವರ ಶಾಸ್ತ್ರದಲ್ಲಿ ಇಲ್ಲವೇನೋ?’ ಎಂದರು. ‘ಖಾರಕ್ಕೆ ನಿಷೇಧವಿಲ್ಲ ಅಮ್ಮ, ಅಭ್ಯಾಸವಿಲ್ಲ’ ಎಂದೆ.

ಆದರೂ ನನ್ನ ತಾಯಿಯ ವ್ರತಕ್ಕೂ ಆ ಸ್ಪೇನಿನ ಗೃಹಿಣಿಯ ನಿಯಮಕ್ಕೂ ಒಂದು ಅಂತರವಿದೆ. ನಮ್ಮ ಮನೆಯ ಒಲೆ ಯಾವ ತಿಂಗಳು ಏನನ್ನು ಬೇಯಿಸಿತೆಂದು ಯಾರೂ ಸಾಕ್ಷಿ ನುಡಿಯಲಿಲ್ಲ. ನಿಯಮವನ್ನು ತಾನೇ ವರಿಸುವುದು ಒಂದು. ಆ ನಿಯಮಕ್ಕಾಗಿ ಹೊರಗಿನವರ ತಿರಸ್ಕಾರವನ್ನು ಹೊರುವುದು ಇನ್ನೊಂದು.

೧೮೯೧ರಲ್ಲಿ ಪೆಲ್ಲೆಗ್ರೀನೊ ಆರ್ತೂಸಿ ಎಂಬಾತ ಫ್ಲಾರೆನ್ಸಿನಲ್ಲಿ ತನ್ನದೇ ಹಣದಿಂದ ಒಂದು ಪಾಕಗ್ರಂಥವನ್ನು ಅಚ್ಚುಹಾಕಿಸಿದ. ಇಟಲಿಯ ಮನೆ ಮನೆಯನ್ನೂ ಸೇರಿದ ಪುಸ್ತಕ ಅದು. ನಲವತ್ತು ವರ್ಷಗಳ ಹಿಂದೆ ಫ್ಲಾರೆನ್ಸಿನ ಪೇಟೆಯಲ್ಲಿ ಬದನೆಕಾಯಿ ಕಾಣುವುದೇ ಅಪರೂಪವಾಗಿತ್ತು, ಯೆಹೂದ್ಯರ ತಿನಿಸೆಂದು ಅದನ್ನು ಹೀನವಾಗಿ ಕಾಣುತ್ತಿದ್ದರು ಎಂದು ಅದರಲ್ಲಿ ಬರೆದಿದ್ದಾನೆ. ಈ ವಿಷಯದಲ್ಲಿಯೂ, ಇದಕ್ಕಿಂತ ದೊಡ್ಡ ವಿಷಯಗಳಲ್ಲಿಯೂ, ಒಳ್ಳೆಯದನ್ನು ಮೂಸಿ ಗುರುತಿಸುವ ಮೂಗು ಕ್ರೈಸ್ತರಿಗಿಂತ ಅವರಿಗೇ ಚುರುಕೆಂದು ಮೆಚ್ಚುತ್ತಾನೆ. ಸ್ಪೇನಿನಲ್ಲಿ ಮೂಗು ದೂರು ಹೇಳಿತ್ತು. ಇಲ್ಲಿ ಮೂಗಿಗೇ ಪ್ರಶಸ್ತಿ.

ಬದನೆಕಾಯಿ ಗೆದ್ದಿತು. ಜನ ಗೆದ್ದರೆ? ರೋಮಿನ ಕೇರಿಯ ಕಟ್ಟಳೆ ೧೮೭೦ರಲ್ಲಿ ಕೊನೆಗೊಂಡಿತ್ತು, ನಿಜ. ೧೯೩೮ರಲ್ಲಿ ಮುಸ್ಸೊಲಿನಿಯ ಸರ್ಕಾರದ ಜನಾಂಗೀಯ ಶಾಸನಗಳು ಬಂದು ಯೆಹೂದ್ಯ ಮಕ್ಕಳನ್ನೂ ಅಧ್ಯಾಪಕರನ್ನೂ ಶಾಲೆಗಳಿಂದ ಹೊರಹಾಕಿದವು. ೧೯೪೩ರ ಅಕ್ಟೋಬರ್ ೧೬ರಂದು, ಒಂದು ಶನಿವಾರದ ಬೆಳಗ್ಗೆ, ಜರ್ಮನ್ ಸೈನಿಕರು ರೋಮಿನ ಆ ಹಳೆಯ ಕೇರಿಗೆ ನುಗ್ಗಿದರು. ಅಂದು ಹಿಡಿದವರಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಆಷ್‌ವಿಟ್ಸ್‌ಗೆ ಸಾಗಿಸಿದರು. ಮರಳಿದವರು ಹದಿನಾರು ಜನ. ಅದು ಸಬ್ಬತ್ತಿನ ದಿನವೆಂಬುದನ್ನು ನೆನೆದಾಗ, ಹಿಂದಿನ ಸಂಜೆಯೇ ಮಾಡಿಟ್ಟಿದ್ದ ಅಡುಗೆ ಎಷ್ಟು ಮನೆಗಳಲ್ಲಿ ಹಾಗೆಯೇ ಉಳಿದಿರಬಹುದು ಎಂಬ ಯೋಚನೆ ನನ್ನನ್ನು ಬಿಡದು.

ಟಸ್ಕನಿಯ ಪಿತಿಲ್ಯಾನೊ ಎಂಬ ಬೆಟ್ಟದೂರಿನಲ್ಲಿ ಬೆಳೆದ ಎಡ್ಡ ಸರ್ವಿ ಮ್ಯಾಕ್ಲಿನ್ ಹರೆಯದಲ್ಲಿ ಆ ದಿನಗಳನ್ನು ಅಡಗಿಕೊಂಡು ಕಳೆದವರು. ಯುದ್ಧಾನಂತರ ಅಮೆರಿಕ ಸೇರಿ, ಇಟಲಿಯ ಯೆಹೂದ್ಯರ ಅಡುಗೆಯನ್ನು ಕುರಿತು ೧೯೮೧ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಉಣ್ಣುವ ಜನ ಚದರಿಹೋದ ಮೇಲೆ ಅಡುಗೆಯನ್ನು ಬರೆದಿಡುವುದೂ ಒಂದು ಬಗೆಯ ಇತಿಹಾಸರಚನೆ. ಇಂದು ರೋಮಿನ ಆ ಕೇರಿಯ ಊಟದ ಮನೆಗಳಲ್ಲಿ ‘ಅಲ್ಲ ಜುದೀಯ’, ಎಂದರೆ ‘ಯೆಹೂದ್ಯ ಕ್ರಮದ್ದು’, ಎಂಬ ಹೆಸರಿನ ಭಕ್ಷ್ಯಕ್ಕೆ ಪ್ರವಾಸಿಗಳು ಕಾದು ಕುಳಿತುಕೊಳ್ಳುತ್ತಾರೆ. ಹಿಂದೊಮ್ಮೆ ಬೈಗುಳಾಗಿದ್ದ ಮಾತು ಈಗ ಹೆಮ್ಮೆಯ ಫಲಕ.

ಇದು ದೂರದ ಕತೆಯೆಂದು ನಾವು ಹಾಯಾಗಿ ಕುಳಿತುಕೊಳ್ಳುವಂತಿಲ್ಲ. ನಮ್ಮ ಊರುಗಳಲ್ಲಿ ಬಾಡಿಗೆಯ ಮನೆ ಕೇಳಿಕೊಂಡು ಹೋದವರಿಗೆ, ಅವರು ಏನು ಓದಿದ್ದಾರೆ, ಹೇಗೆ ಬಾಳುತ್ತಾರೆ ಎಂಬುದಕ್ಕಿಂತ ಮೊದಲು, ಏನು ಅಡುಗೆ ಮಾಡುತ್ತಾರೆಂಬ ಪ್ರಶ್ನೆ ಎದುರಾಗುತ್ತದೆ. ನನ್ನ ತರಗತಿಯ ಒಬ್ಬ ವಿದ್ಯಾರ್ಥಿ ಮೂರು ಮನೆಗಳ ಹೊಸ್ತಿಲಿನಿಂದ ಈ ಒಂದು ಪ್ರಶ್ನೆಗೇ ಹಿಂದಿರುಗಿದ. ಅವರಲ್ಲಿ ಎಷ್ಟು ಜನ ಅವನ ಊರಿನ ಖಾನಾವಳಿಯ ಊಟವನ್ನು ಹುಡುಕಿಕೊಂಡು ಹೋಗಿ ಉಂಡವರೋ!

ಒಂದು ಜನದ ಅಡುಗೆಯನ್ನು ಹೊಗಳುವುದಕ್ಕೆ ನಾಲಗೆಯಿದ್ದರೆ ಸಾಕು. ಆ ಜನರೊಡನೆ ಒಂದೇ ಓಣಿಯಲ್ಲಿ ಬಾಳುವುದಕ್ಕೆ ಇನ್ನೂ ಸ್ವಲ್ಪ ಬೇಕಾಗುತ್ತದೆ. ಗೋಡೆಯಾಚೆಯಿಂದ ಅಪರಿಚಿತವಾದ ಎಣ್ಣೆಯ ವಾಸನೆ ತೇಲಿ ಬಂದಾಗ ಮೂಗು ಮುರಿಯದೆ, ‘ಇವತ್ತು ನಿಮ್ಮಲ್ಲಿ ಏನಡುಗೆ?’ ಎಂದು ಕೇಳುವಷ್ಟು ಸೌಜನ್ಯ ಸಾಕು.