ಒಂದನೇ ನಂಬರಿನ ಜಮೀನು

ಒಂದಂತಸ್ತಿನ ಮನೆ. ಅರ್ಧ ಮರದ ದಿಮ್ಮಿ ಜೋಡಿಸಿದ್ದು, ಅರ್ಧ ಹಲಗೆ ಹೊಡೆದದ್ದು. ಅಳತೆ 14 ಅಡಿಗೆ 20 ಅಡಿ. ಎರಡು ಬಾಗಿಲು, ಎರಡು ಕಿಟಕಿ, ಮೇಲೆ ಮರದ ಹೆಂಚು, ಕೆಳಗೆ ಹಲಗೆಯ ನೆಲ, ವಾಸಕ್ಕೆ ಅನುಕೂಲವಾಗಿದೆ. ಸುಮಾರು 35 ಎಕರೆ ಉತ್ತು, ಬೇಲಿ ಹಾಕಿ, ಸಾಗುವಳಿ ಮಾಡಲಾಗಿದೆ. ಒಂದು ಲಾಯ, 100 ಅಡಿ ಉದ್ದದ ಕುರಿದೊಡ್ಡಿ, ಮೆಕ್ಕೆಜೋಳದ ತೆನೆ ಕೂಡಿಡುವ ಕಣಜ ಇವೆ. 40 ಸೇಬಿನ ಗಿಡ, 400ರಷ್ಟು ಪೀಚ್ ಗಿಡ ನೆಡಲಾಗಿದೆ.

ಅಮೆರಿಕದ ನೆಬ್ರಾಸ್ಕದಲ್ಲಿ 1868ರ ಜನವರಿಯಲ್ಲಿ ಜೋಸೆಫ್ ಗ್ರಾಫ್ ಮತ್ತು ಸ್ಯಾಮ್ಯುಯೆಲ್ ಕಿಲ್‌ಪ್ಯಾಟ್ರಿಕ್ ಎಂಬಿಬ್ಬರು ತಮ್ಮ ಪರಿಚಯದ ಡೇನಿಯಲ್ ಫ್ರೀಮನ್ ಪರವಾಗಿ ಪ್ರಮಾಣ ಮಾಡಿ ಕೊಟ್ಟ ಹೇಳಿಕೆಯ ಸಾರ ಇದು. ನಮ್ಮ ಕಡೆ ಶಾನುಭೋಗರು ಬರೆಯುತ್ತಿದ್ದ ಮಹಜರಿನ ಧಾಟಿ. ಆ ಜಮೀನಿನ ಮಣ್ಣು ಹೇಗಿತ್ತು, ಚಳಿಗಾಲ ಹೇಗೆ ಕಳೆಯಿತು, ಆ ಗಿಡಗಳಲ್ಲಿ ಎಷ್ಟು ಬದುಕಿದವು ಎಂಬ ಮಾತೇ ಇಲ್ಲ. ಕಿಟಕಿ ಎಷ್ಟು, ಗಿಡ ಎಷ್ಟು ಎಂಬುದಷ್ಟೇ ಇದೆ. ಸರ್ಕಾರಕ್ಕೆ ಬೇಕಾಗಿದ್ದದ್ದೂ ಅಷ್ಟೇ. ಈ ಲೆಕ್ಕ ಒಪ್ಪಿಗೆಯಾದರೆ 160 ಎಕರೆ ಅವನದು.

ಈ ಲೆಕ್ಕದ ಹಿಂದಿರುವುದು 1862ರ ಮೇ 20ರಂದು ಅಬ್ರಹಾಂ ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆ. ಸರ್ಕಾರಿ ಭೂಮಿಯನ್ನು ಉಳುವವರಿಗೆ ಬಿಟ್ಟಿಯಾಗಿ ಕೊಡಬೇಕೆಂಬ ಕೂಗು ಅಮೆರಿಕದಲ್ಲಿ ದಶಕಗಳಿಂದ ಇತ್ತು. ಅಡ್ಡಗಾಲು ಹಾಕುತ್ತಿದ್ದವರು ದಕ್ಷಿಣದ ಗುಲಾಮ ಒಡೆಯರು. ಪಶ್ಚಿಮದ ಬಯಲಿನಲ್ಲಿ ಸಣ್ಣ ಹಿಡುವಳಿಯ ರೈತರು ನೆಲೆಯೂರಿದರೆ ಅಲ್ಲಿ ಹುಟ್ಟುವ ಹೊಸ ರಾಜ್ಯಗಳು ಗುಲಾಮಗಿರಿಯನ್ನು ಒಪ್ಪುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. 1860ರಲ್ಲಿ ಇಂಥದೇ ಮಸೂದೆ ಸಂಸತ್ತಿನಲ್ಲಿ ಪಾಸಾಗಿ ಬಂದಾಗ ಅಧ್ಯಕ್ಷ ಬ್ಯುಕ್ಯಾನನ್ ಅದನ್ನು ತಿರಸ್ಕರಿಸಿದರು. ಮರುವರ್ಷ ದಕ್ಷಿಣದ ಸದಸ್ಯರು ಸದನ ಬಿಟ್ಟು ಎದ್ದು ಹೋದರು, ಅಂತರ್ಯುದ್ಧ ಶುರುವಾಯಿತು. ಬೇಡ ಎನ್ನುವವರೇ ಇಲ್ಲವಾದ ಮೇಲೆ ಕಾಯ್ದೆ ಸಲೀಸಾಗಿ ಆಯಿತು.

ಷರತ್ತುಗಳು ಕೇಳುವುದಕ್ಕೆ ಸರಳ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು, ಇಲ್ಲವೇ ಅವರು ಮನೆಯ ಯಜಮಾನರಾಗಿರಬೇಕು. ಅಮೆರಿಕದ ಪ್ರಜೆಯಾಗಿರಬೇಕು, ಅಥವಾ ಆಗುತ್ತೇನೆಂದು ಬರೆದುಕೊಟ್ಟಿರಬೇಕು. ದೇಶದ ವಿರುದ್ಧ ಆಯುಧ ಎತ್ತಿರಬಾರದು. ಐದು ವರ್ಷ ಆ ನೆಲದಲ್ಲೇ ವಾಸವಿದ್ದು, ಸಾಗುವಳಿ ಮಾಡಿ, ಇಬ್ಬರು ಸಾಕ್ಷಿಗಳಿಂದ ಹೇಳಿಸಬೇಕು. ಎಲ್ಲ ಸೇರಿ ಶುಲ್ಕ 18 ಡಾಲರ್. ಐದು ವರ್ಷ ಕಾಯಲಾರೆ ಎನ್ನುವವರು ಆರು ತಿಂಗಳ ನಂತರ ಎಕರೆಗೆ ಒಂದೂಕಾಲು ಡಾಲರ್ ಕೊಟ್ಟು ಕೊಂಡುಬಿಡಬಹುದಿತ್ತು. ಗಂಡಸರಿಗೆ ಮಾತ್ರ ಎಂಬ ನಿಯಮ ಇರಲಿಲ್ಲ. ಮದುವೆಯಾಗದ ಹೆಣ್ಣು ಮಗಳು, ವಿಧವೆ ಅರ್ಜಿ ಹಾಕಬಹುದಿತ್ತು. ಗಂಡನ ಜೊತೆ ಬಾಳುತ್ತಿದ್ದವಳಿಗೆ ಮಾತ್ರ ಆ ಹಕ್ಕಿರಲಿಲ್ಲ.

ಕಾಯ್ದೆ ಜಾರಿಗೆ ಬಂದದ್ದು 1863ರ ಜನವರಿ 1ರಂದು. ಬಂಡೆದ್ದ ರಾಜ್ಯಗಳ ಗುಲಾಮರು ಇನ್ನು ಸ್ವತಂತ್ರರು ಎಂದು ಲಿಂಕನ್ ಸಾರಿದ್ದೂ ಅದೇ ದಿನ. ರಾಜಧಾನಿಯಿಂದ ಬಹುದೂರ, ಮಿಸ್ಸೂರಿ ನದಿಯ ದಡದ ಬ್ರೌನ್‌ವಿಲ್ ಎಂಬ ಊರಿನಲ್ಲಿ ಹಿಂದಿನ ರಾತ್ರಿ ಹೊಸ ವರ್ಷದ ಔತಣ ನಡೆಯುತ್ತಿತ್ತು. ಸರ್ಕಾರದ ಭೂಕಚೇರಿ ಇದ್ದದ್ದು ಆ ಊರಿನಲ್ಲೇ. ಫ್ರೀಮನ್ ಮುಂದೆ ಬದುಕಿನುದ್ದಕ್ಕೂ ಹೇಳಿಕೊಂಡು ಬಂದ ಕತೆಯ ಪ್ರಕಾರ, ಅವನು ಆಗ ಉತ್ತರದ ಸೇನೆಯಲ್ಲಿದ್ದ, ಬೆಳಗಾದರೆ ದಳಕ್ಕೆ ಹೊರಡಬೇಕಿತ್ತು. ಜನವರಿ 1 ರಜೆ, ಕಚೇರಿ ತೆರೆಯುವುದಿಲ್ಲ. ಔತಣಕ್ಕೆ ಬಂದಿದ್ದ ಕಚೇರಿಯವರನ್ನು ಕಾಡಿ ಬೇಡಿ, ನಡುರಾತ್ರಿ ಕಳೆದು ಹತ್ತು ನಿಮಿಷಕ್ಕೆ ಬಾಗಿಲು ತೆಗೆಸಿ ಅರ್ಜಿ ಬರೆಸಿದ.

ಈ ಕತೆಯಲ್ಲಿ ನಿಜ ಎಷ್ಟು, ಒಗ್ಗರಣೆ ಎಷ್ಟು ಎಂದು ಬಿಡಿಸುವುದು ಕಷ್ಟ. ಅದೇ ದಿನ ಬೇರೆ ಬೇರೆ ಕಚೇರಿಗಳಲ್ಲಿ ನೂರಾರು ಮಂದಿ ಅರ್ಜಿ ಹಾಕಿದ್ದಾರೆ. ಡಕೋಟಾದ ವರ್ಮಿಲಿಯನ್‌ನಲ್ಲಿ ಮಾಲನ್ ಗೋರ್ ಎಂಬ ಪತ್ರಕರ್ತನೂ ತಾನೇ ಮೊದಲಿಗ ಎನ್ನುತ್ತಿದ್ದ. ಆದರೆ ಫ್ರೀಮನ್ ಕೈಯಲ್ಲಿ ಕಾಗದವಿತ್ತು: ಅರ್ಜಿ ನಂಬರ್ 1, ಪ್ರಮಾಣಪತ್ರ ನಂಬರ್ 1. ಅವನ ಹಕ್ಕುಪತ್ರ ದಾಖಲಾದದ್ದು ಒಂದನೇ ಸಂಪುಟದ ಒಂದನೇ ಪುಟದಲ್ಲಿ.

ಅವನು ಆರಿಸಿಕೊಂಡ ನೆಲವನ್ನು ನಕ್ಷೆಯಲ್ಲಿ ನೋಡಬೇಕು. ಅಮೆರಿಕದ ಬಯಲನ್ನು 1785ರ ಕಾನೂನಿನಂತೆ ಆರು ಮೈಲಿ ಚೌಕದ ಟೌನ್‌ಶಿಪ್‌ಗಳಾಗಿ, ಒಂದೊಂದನ್ನೂ ಒಂದು ಮೈಲಿ ಚೌಕದ 36 ಸೆಕ್ಷನ್‌ಗಳಾಗಿ ಗೆರೆ ಎಳೆದು ಕತ್ತರಿಸಿದ್ದರು. ಒಂದು ಸೆಕ್ಷನ್ 640 ಎಕರೆ. ಅದರ ಕಾಲು ಭಾಗ 160. ಮೂಡಲಿಗೆ ಯಾರ ಹೊಲ, ಪಡುವಲಿಗೆ ಯಾವ ಹಳ್ಳ ಎಂಬ ಚಕ್ಕುಬಂದಿಯ ಗೋಜೇ ಇಲ್ಲ. ಹೆಚ್ಚಿನವರು ನೆಟ್ಟಗೆ ಒಂದು ಕಾಲು ಸೆಕ್ಷನ್ ಬರೆಸಿಕೊಳ್ಳುತ್ತಿದ್ದರು. ಫ್ರೀಮನ್ ಹಾಗೆ ಮಾಡಲಿಲ್ಲ. 26ನೇ ಸೆಕ್ಷನ್ನಿನಲ್ಲಿ 40 ಎಕರೆಯ ನಾಲ್ಕು ತುಂಡುಗಳನ್ನು ಹೆಕ್ಕಿಕೊಂಡ: ಮೂರು ಸಾಲಾಗಿ, ನಡುವಿನದರ ನೆತ್ತಿಗೆ ಇನ್ನೊಂದು. ತಲೆಕೆಳಗಾದ ಇಂಗ್ಲಿಷಿನ ಟಿ ಅಕ್ಷರದ ಆಕಾರ. ಕಾರಣ ಕಬ್ ಕ್ರೀಕ್ ಎಂಬ ಹಳ್ಳ. ಆ ಬಯಲಿನಲ್ಲಿ ಮರ ಎನ್ನುವುದು ಇದ್ದದ್ದು ಹಳ್ಳದ ಇಕ್ಕೆಲದಲ್ಲಿ ಮಾತ್ರ. ಮರ ಇದ್ದರೆ ಸೌದೆ, ಬೇಲಿಯ ಗೂಟ, ಮನೆಯ ದಿಮ್ಮಿ. ಹಳ್ಳವಿದ್ದರೆ ದನಕ್ಕೆ ನೀರು. ಉಳುವುದಕ್ಕೆ ಬಯಲು, ಬದುಕುವುದಕ್ಕೆ ಹಳ್ಳ, ಎರಡೂ ಸಿಗುವಂತೆ ಗೆರೆ ಎಳೆಸಿದ್ದಾನೆ. ನೆಲ ನೋಡುವ ಕಣ್ಣು ಅವನಿಗಿತ್ತು.

ಎಲ್ಲರಿಗೂ ಕಬ್ ಕ್ರೀಕ್ ಸಿಗಲಿಲ್ಲ. ಇನ್ನೂ ಪಶ್ಚಿಮಕ್ಕೆ ಹೋದವರಿಗೆ ಮೈಲಿಗಟ್ಟಲೆ ಹುಡುಕಿದರೂ ತೊಲೆಗೊಂದು ಮರವಿಲ್ಲ. ಅವರು ನೆಲವನ್ನೇ ಕಡಿದು ಗೋಡೆ ಎಬ್ಬಿಸಿದರು. ಹುಲ್ಲಿನ ಬೇರು ಹೆಣೆದುಕೊಂಡು ಗಟ್ಟಿಯಾದ ಮೇಲ್ಪದರವನ್ನು ನೇಗಿಲಿನಲ್ಲಿ ಪಟ್ಟಿಯಾಗಿ ಸೀಳಿ, ಗುದ್ದಲಿಯಲ್ಲಿ ತುಂಡು ಮಾಡಿ, ಹುಲ್ಲಿನ ಮುಖ ಕೆಳಗಾಗುವಂತೆ ಒಂದರ ಮೇಲೊಂದು ಪೇರಿಸಿದರೆ ಎರಡಡಿ ದಪ್ಪದ ಗೋಡೆ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಮಳೆ ಬಂದರೆ ಮಾತ್ರ ಮಾಡಿನಿಂದ ಕೆಸರು ಸುರಿಯುತ್ತಿತ್ತು. ಹೊರಗೆ ಮಳೆ ನಿಂತ ಮೇಲೂ ಒಳಗೆ ತೊಟ್ಟಿಕ್ಕುವುದು ನಿಲ್ಲುತ್ತಿರಲಿಲ್ಲ. ಮಣ್ಣು, ಹುಳು, ಒಮ್ಮೊಮ್ಮೆ ಹಾವು ಊಟದ ಮೇಜಿನ ಮೇಲೆ ಬೀಳದಿರಲೆಂದು ಒಳಗಡೆ ಬಟ್ಟೆ ಕಟ್ಟುತ್ತಿದ್ದರು. ಸೌದೆಯ ಬದಲಿಗೆ ಒಣಗಿದ ಕಾಡೆಮ್ಮೆ ಸಗಣಿ.

ಈ ಮನೆಗಳ ಮುಂದೆ ಸಂಸಾರಗಳನ್ನು ನಿಲ್ಲಿಸಿ ಸಾಲೊಮನ್ ಬುಚರ್ ಎಂಬಾತ 1886ರಿಂದ ನೆಬ್ರಾಸ್ಕದ ಕಸ್ಟರ್ ಕೌಂಟಿಯಲ್ಲಿ ಫೋಟೊ ತೆಗೆಯುತ್ತಾ ಹೋದ. ಒಳಗೆ ಬೆಳಕು ಸಾಲದ್ದರಿಂದ ಎಲ್ಲ ಅಂಗಳದಲ್ಲೇ. ಮೇಜು, ಕುರ್ಚಿ, ಹಕ್ಕಿಯ ಪಂಜರ, ಕುದುರೆ, ಮನೆಯಲ್ಲಿ ಇದ್ದಬದ್ದದ್ದೆಲ್ಲ ಹೊರಗೆ ಬರುತ್ತಿತ್ತು. ಒಂದು ಚಿತ್ರದಲ್ಲಿ ಮಣ್ಣಿನ ಮನೆಯೇ ಕಾಣುವುದಿಲ್ಲ. ಬಟ್ಟಬಯಲಿನಲ್ಲಿ ಕಾಲಿಂದ ಒತ್ತಿ ನುಡಿಸುವ ದೊಡ್ಡ ಆರ್ಗನ್, ಅದರ ಸುತ್ತ ಸಂಸಾರ. ಹಿಂದಿನ ಊರಿನ ನಂಟರಿಗೆ ಚಿತ್ರ ಕಳಿಸಬೇಕು, ಆದರೆ ತಾವಿರುವುದು ಮಣ್ಣಿನ ಮನೆ ಎಂದು ಅವರಿಗೆ ಗೊತ್ತಾಗಬಾರದು ಎಂದು ಮನೆಯೊಡತಿ ಹಟ ಹಿಡಿದು ಆರ್ಗನ್ನನ್ನು ಹೊರಗೆ ಹೊರಿಸಿದ್ದಳಂತೆ.

ಐದು ವರ್ಷ ಎನ್ನುವುದು ಬರೆಯುವಾಗ ಚಿಕ್ಕದು. 1874ರಲ್ಲಿ ಮಿಡತೆಗಳು ಬಂದು ಬೆಳೆ ಸಾಲದೆ ಕುದುರೆಯ ಜೀನು, ನೇಗಿಲಿನ ಹಿಡಿಯನ್ನೂ ಕೆರೆದವು. 1888ರ ಜನವರಿ 12ರಂದು ಹಿತವಾದ ಬಿಸಿಲಿನ ದಿನವೊಂದು ಹಠಾತ್ತನೆ ಹಿಮಬಿರುಗಾಳಿಯಾಗಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳು ದಾರಿಯಲ್ಲೇ ಸತ್ತರು. ಅರ್ಜಿ ಹಾಕಿದವರಲ್ಲಿ ಬಹಳ ಮಂದಿ ಅರ್ಧದಲ್ಲೇ ಬಿಟ್ಟು ಹೋದರು. ಬಿಡದೆ, ದುಡಿಯದೆ, ಪಡೆದುಕೊಂಡವರೂ ಇದ್ದರು. ಚಕ್ರದ ಮೇಲೆ ಕಟ್ಟಿದ ಮನೆಯೊಂದನ್ನು ಬಾಡಿಗೆಗೆ ತಂದು ಜಮೀನಿನಿಂದ ಜಮೀನಿಗೆ ಎಳೆದು, ಇಲ್ಲಿ ಮನೆ ಇದೆ ಎಂದು ಸಾಕ್ಷಿ ಹೇಳಿಸುತ್ತಿದ್ದರಂತೆ. ಹನ್ನೆರಡಕ್ಕೆ ಹದಿನಾಲ್ಕರ ಮನೆ ಎಂದು ಪ್ರಮಾಣ ಮಾಡಿದ ಸಾಕ್ಷಿಗೆ ಅದು ಅಡಿಯೋ ಅಂಗುಲವೋ ಎಂದು ಯಾರೂ ಕೇಳಲಿಲ್ಲ ಎಂಬ ಕತೆ ಆ ಕಡೆಯೆಲ್ಲ ಚಾಲ್ತಿಯಲ್ಲಿತ್ತು. ದನಗಾಹಿ ಸಾಹುಕಾರರು ತಮ್ಮ ಆಳುಗಳ ಹೆಸರಿನಲ್ಲಿ ನೀರಿರುವ ತುಂಡುಗಳನ್ನೆಲ್ಲ ಬರೆಸಿಕೊಂಡರು. ಲೆಕ್ಕ ಕೇಳುವ ಕಾನೂನಿಗೆ ಲೆಕ್ಕ ಒಪ್ಪಿಸುವುದೇನೂ ಕಷ್ಟವಲ್ಲ.

ಫ್ರೀಮನ್‌ನ ಲೆಕ್ಕ ಸಾಚಾ. ಆದರೆ ಆ ಸಾಕ್ಷಿಪತ್ರದಲ್ಲಿ ಹೆಸರಿಲ್ಲದೆ, ಹೆಂಡತಿ ಎಂದಷ್ಟೇ ನಮೂದಾದವಳ ಕತೆ ನನಗೆ ಅವನದಕ್ಕಿಂತ ಹೆಚ್ಚು ಕಾಡುತ್ತದೆ. ಆಗ್ನೆಸ್ ಸೂಟರ್ ಅಯೋವಾದ ಲೆಕ್ಲೇರ್ ಎಂಬ ನದಿದಂಡೆಯ ಊರಿನವಳು. ಅವಳಿಗೆ ನಿಶ್ಚಯವಾಗಿದ್ದದ್ದು ಡೇನಿಯಲ್‌ನ ತಮ್ಮನ ಜೊತೆ. ಆ ಹುಡುಗ ಅಂತರ್ಯುದ್ಧದಲ್ಲಿ ತೀರಿಕೊಂಡ. ಆಮೇಲೆ ಅಣ್ಣ ಪತ್ರ ಬರೆಯತೊಡಗಿದ. ಪತ್ರದಲ್ಲೇ ಮಾತುಕತೆ ಮುಗಿದು 1865ರಲ್ಲಿ ಮದುವೆಯಾಯಿತು. ಅವಳು ಬಂದಾಗ ಐದು ವರ್ಷದಲ್ಲಿ ಎರಡು ಕಳೆದಿತ್ತು. ಉಳಿದ ಮೂರರಲ್ಲಿ ಆ 14ಕ್ಕೆ 20 ಅಡಿಯ ಮನೆಯಲ್ಲಿ ಒಲೆ ಹೊತ್ತಿಸಿದವಳು ಅವಳು. ಗಂಡನಾದರೋ ವೈದ್ಯ, ರೋಗಿಗಳನ್ನು ನೋಡಲು ಹೊರಗೆ ಹೋಗುತ್ತಿದ್ದವನು. ವಾಸವಿದ್ದು ಸಾಗುವಳಿ ಮಾಡಬೇಕು ಎಂಬ ಷರತ್ತಿನ ವಾಸದ ಭಾಗವನ್ನು ಹೆಚ್ಚಾಗಿ ಪೂರೈಸಿದವರು ಯಾರು ಎಂದು ಊಹಿಸುವುದು ಕಷ್ಟವಲ್ಲ. 1869ರ ಸೆಪ್ಟೆಂಬರ್ 1ರಂದು ಅಧ್ಯಕ್ಷ ಗ್ರಾಂಟ್ ಹೆಸರಿನಲ್ಲಿ ಬಂದ ಹಕ್ಕುಪತ್ರದಲ್ಲಿ ಇರುವುದು ಡೇನಿಯಲ್ ಒಬ್ಬನ ಹೆಸರು.

ಅದೇ ಸಾಕ್ಷಿಪತ್ರದಲ್ಲಿ ಇನ್ನೊಂದು ಸಾಲಿದೆ. ಈ ನೆಲದಲ್ಲಿ ಹಕ್ಕುಳ್ಳ ಬೇರೆ ಯಾರೂ ವಾಸವಿಲ್ಲ ಎಂಬ ಅರ್ಥದ್ದು. ಕಾನೂನಿನ ಲೆಕ್ಕದಲ್ಲಿ ಅದು ಸುಳ್ಳಲ್ಲ. ಆದರೆ ಹದಿನಾಲ್ಕು ವರ್ಷಗಳ ಹಿಂದಿನವರೆಗೂ ಆ ಸೀಮೆ ಓಟೊ ಮತ್ತು ಮಿಸ್ಸೂರಿಯಾ ಜನರದು. 1854ರ ಒಪ್ಪಂದದಲ್ಲಿ ಅವರು ಬಹುಪಾಲು ನೆಲ ಬಿಟ್ಟುಕೊಟ್ಟು, ಬಿಗ್ ಬ್ಲೂ ನದಿಯ ಮೇಲೆ 10 ಮೈಲಿ ಅಗಲ, 25 ಮೈಲಿ ಉದ್ದದ ಒಂದು ಪಟ್ಟಿಗೆ ಸರಿದಿದ್ದರು. ಫ್ರೀಮನ್ ಪೀಚ್ ಗಿಡ ನೆಡುತ್ತಿದ್ದಾಗ ಅವರು ಇದ್ದದ್ದು ಒಂದೇ ದಿನದ ಕುದುರೆ ಸವಾರಿಯ ದೂರದಲ್ಲಿ. ಆ ಪಟ್ಟಿಯೂ ಉಳಿಯಲಿಲ್ಲ. ಸುತ್ತಲಿನವರ ಒತ್ತಡಕ್ಕೆ ತುಂಡು ತುಂಡಾಗಿ ಮಾರಾಟಕ್ಕಿಟ್ಟು, 1880ರ ದಶಕದ ಆರಂಭದಲ್ಲಿ ಅವರನ್ನು ಇಂದಿನ ಒಕ್ಲಹೋಮಕ್ಕೆ ಸಾಗಿಸಿದರು. ಬಿಟ್ಟಿ ಭೂಮಿ ಎಂಬ ಮಾತು ಅಮೆರಿಕದ ಪಠ್ಯಪುಸ್ತಕಗಳಲ್ಲಿ ಬಹುಕಾಲ ಓಡಾಡಿತು. ಬೆಲೆ ತೆತ್ತವರು ಇವರು.

ಹಕ್ಕುಪತ್ರ ಸಿಕ್ಕ ಮೇಲೂ ಫ್ರೀಮನ್ ಸುಮ್ಮನೆ ಕೂರುವ ಪೈಕಿಯಲ್ಲ. ಊರಿನ ಒಂದೇ ಕೋಣೆಯ ಶಾಲೆಯಲ್ಲಿ ಈಡಿತ್ ಬೀಚರ್ ಎಂಬ ಶಿಕ್ಷಕಿ ಮಕ್ಕಳಿಗೆ ಬೈಬಲ್ ಓದಿಸಿ, ಪ್ರಾರ್ಥನೆ, ಭಜನೆ ಮಾಡಿಸುತ್ತಿದ್ದುದನ್ನು ಕಂಡು ಮುದುಕ ಕೆರಳಿದ. ಸರ್ಕಾರಿ ಶಾಲೆಯಲ್ಲಿ ಇದೆಲ್ಲ ಕೂಡದು ಎಂದ. ಶಾಲಾ ಮಂಡಳಿ ಶಿಕ್ಷಕಿಯ ಕಡೆ ನಿಂತಿತು. ಅವನು ಬಿಡದೆ ನೆಬ್ರಾಸ್ಕದ ಸುಪ್ರೀಂ ಕೋರ್ಟಿನವರೆಗೆ ಎಳೆದು 1902ರಲ್ಲಿ ಗೆದ್ದ. ಶಾಲೆಯಲ್ಲಿ ಧರ್ಮಬೋಧೆ ಕೂಡದು ಎಂಬ ಅಮೆರಿಕದ ಮುಂಚಿನ ತೀರ್ಪುಗಳಲ್ಲಿ ಇದೂ ಒಂದು. ಮೊದಲ ಹೋಮ್‌ಸ್ಟೆಡರ್ ಎಂಬ ಬಿರುದಿಗಿಂತ ಇದೇ ಅವನ ದೊಡ್ಡ ಸಾಧನೆ ಎಂದು ನನ್ನ ಎಣಿಕೆ. ಬಿರುದಿಗೆ ಹತ್ತು ನಿಮಿಷ ಸಾಕಾಗಿತ್ತು.

1908ರ ಕೊನೆಯಲ್ಲಿ ಅವನು ತೀರಿಕೊಂಡ. ಆಗ್ನೆಸ್ 1931ರವರೆಗೆ ಬದುಕಿದ್ದಳು. ಇಬ್ಬರ ಸಮಾಧಿಯೂ ಆ ಜಮೀನಿನಲ್ಲೇ ಇದೆ. ಅಷ್ಟರಲ್ಲಿ ಆ ಕಾಯ್ದೆಯ ಕೆಳಗೆ ದೇಶದ ಮೂವತ್ತು ರಾಜ್ಯಗಳಲ್ಲಿ ಭೂಮಿ ಹಂಚಿಯಾಗಿತ್ತು. ಕೊನೆಗೆ ಲೆಕ್ಕ ಮುಗಿದಾಗ 16 ಲಕ್ಷ ಹಕ್ಕುಪತ್ರ, 27 ಕೋಟಿ ಎಕರೆ. ಅಮೆರಿಕದ ಒಟ್ಟು ನೆಲದ ಹತ್ತನೇ ಒಂದು ಪಾಲು. ಕಾಯ್ದೆ ರದ್ದಾದದ್ದು 1976ರಲ್ಲಿ. ಅಲಾಸ್ಕಕ್ಕೆ ಮಾತ್ರ ಇನ್ನೂ ಹತ್ತು ವರ್ಷ ವಾಯಿದೆ ಕೊಟ್ಟಿದ್ದರು.

ಒಂದನೇ ನಂಬರಿನ ಜಮೀನನ್ನು ಸ್ಮಾರಕ ಮಾಡುವ ಕಾನೂನು 1936ರಲ್ಲಿ ಆಯಿತು. ಉತ್ತು ಉತ್ತು ಸವೆದು ಧೂಳೆದ್ದ ಬಯಲಿನಿಂದ ರೈತರು ಗುಳೆ ಹೊರಟಿದ್ದ ಕಾಲ ಅದು. ಇಲ್ಲಿಯ ಮಣ್ಣೂ ಕೊಚ್ಚಿ ಹೋಗಿತ್ತು. ಸ್ಮಾರಕದ ಉಸ್ತುವಾರಿಯವರು 1939ರಿಂದ ನೂರು ಎಕರೆಯಷ್ಟು ನೆಲಕ್ಕೆ ಪ್ರೇರಿ ಹುಲ್ಲಿನ ಬೀಜ ಬಿತ್ತಿದರು. ಹಾಗೆ ಮರಳಿ ಬೆಳೆಸಿದ ಹುಲ್ಲುಗಾವಲುಗಳಲ್ಲಿ ಅಮೆರಿಕಕ್ಕೇ ಇದು ಎರಡನೆಯ ಹಳೆಯದು. ಈಗ ಅಲ್ಲಿ ಆಳೆತ್ತರಕ್ಕೂ ಮೀರಿ ಹುಲ್ಲು ಬೆಳೆಯುತ್ತದೆ. ನಡುವೆ ಮರ, ಕಳೆ ತಲೆ ಎತ್ತದಂತೆ ಸ್ಮಾರಕದ ಸಿಬ್ಬಂದಿ ಆಗಾಗ ಬೆಂಕಿ ಹಚ್ಚಿ ಸುಡುತ್ತಾರೆ.