ಬಾವ್ಯಾಗ ಈಸೂ ಹುಡುಗರಿಗೆ ಕುಡಿಯೋ ನೀರು ಕೊಡೋರ್ಯಾರು?

ಬೇಸಿಗೆ ರಜೆ ಬಿದ್ದರೆ ಸಾಕು, ನಮ್ಮ ಹುಕ್ಕೇರಿ ಕಡೆ ಹೊಲದ ಬಾವಿಗಳಿಗೆ ಜೀವ ಬರುತ್ತದೆ. ಸೊಂಟಕ್ಕೆ ಖಾಲಿ ಪ್ಲಾಸ್ಟಿಕ್ ಕ್ಯಾನ್ ಕಟ್ಟಿಕೊಂಡ ಎಂಟೊಂಬತ್ತು ವರ್ಷದ ಹುಡುಗರು, ಮೆಟ್ಟಿಲ ಮೇಲೆ ಕಾವಲು ಕೂತ ಕಾಕಾನೋ ಮಾವನೋ, ಒಂದು ಟವೆಲ್, ಪೇಪರಿನಲ್ಲಿ ಕಟ್ಟಿದ ಚುರುಮುರಿ. ಎಲ್ಲಾ ಇರುತ್ತದೆ, ಕುಡಿಯುವ ನೀರಿನ ಬಾಟಲಿ ಒಂದು ಬಿಟ್ಟು. ನಾನು ಕೇಳಿದಾಗೆಲ್ಲ ಸಿಗುವ ಉತ್ತರ ಒಂದೇ: ‘ನೀರಾಗ ಅದಾನಲ್ರಿ, ಮತ್ತ ನೀರು ಯಾಕ?’

ಮಾತು ಸರಿ ಅನಿಸುತ್ತೆ. ದೇಹದ ಲೆಕ್ಕ ಮಾತ್ರ ಬೇರೆ.

ಈಜು ಅಂದರೆ ಕೈ, ಕಾಲು, ಬೆನ್ನು, ಎದೆ ಎಲ್ಲಕ್ಕೂ ಒಟ್ಟಿಗೆ ದುಡಿತ. ದುಡಿದ ಮೈ ಬೆವರುತ್ತದೆ, ನೀರೊಳಗೂ ಬೆವರುತ್ತದೆ. ಕಬಡ್ಡಿ ಆಡಿ ಬಂದ ಹುಡುಗನ ಅಂಗಿ ತೊಯ್ದಿದ್ದು ಅವ್ವನಿಗೆ ಕಾಣುತ್ತದೆ, ‘ನೀರು ಕುಡಿಯೋ’ ಅಂತಾಳೆ. ಈಜುವವನ ಬೆವರು ಅಲ್ಲೇ ತೊಳೆದು ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಇನ್ನೊಂದು ಸಂಗತಿ ಇದೆ. ಕುತ್ತಿಗೆಯವರೆಗೆ ನೀರಿನಲ್ಲಿದ್ದಾಗ ನೀರಿನ ಒತ್ತಡಕ್ಕೆ ಕೈಕಾಲಿನ ರಕ್ತ ಎದೆಯ ಕಡೆ ಸರಿಯುತ್ತದೆ. ಮೈಯಲ್ಲಿ ನೀರು ಹೆಚ್ಚಾಗಿದೆ ಅಂತ ದೇಹ ತಪ್ಪು ತಿಳಿದು, ಮೂತ್ರಪಿಂಡಕ್ಕೆ ಹೊರಹಾಕಲು ಹೇಳುತ್ತದೆ. ನೀರು ತಣ್ಣಗಿದ್ದಷ್ಟು ಇದು ಜಾಸ್ತಿ. ಬಾವಿಗಿಳಿದ ಸ್ವಲ್ಪ ಹೊತ್ತಿಗೇ ಹುಡುಗರಿಗೆ ‘ಒಂದಕ್ಕ’ ಬರೋದು ಇದಕ್ಕೇ. (ಮೇಲೆ ಹತ್ತಿ ಬಂದು ಹೋಗ್ತಾರೋ ಇಲ್ಲವೋ, ಅದನ್ನು ಕೇಳಬೇಡಿ.)

ಹೀಗೆ ಎರಡು ದಾರಿಯಲ್ಲಿ ನೀರು ಹೋಗುತ್ತಿದ್ದರೂ ನೀರಡಿಕೆ ಆಗೋದಿಲ್ಲ. ಚರ್ಮ ತಂಪಾಗಿದೆ, ಬಾಯಿ ಒದ್ದೆಯಾಗಿದೆ, ಮನಸ್ಸು ಆಟದಲ್ಲಿದೆ. ಆದ್ದರಿಂದಲೇ ‘ಬಾಯಾರಿದರೆ ಕೇಳ್ತಾನೆ ಬಿಡ್ರಿ’ ಅನ್ನೋದು ಇಲ್ಲಿ ನಡೆಯೋದಿಲ್ಲ. ದಣಿದು ತಲೆ ತಿರುಗಿದ ಹುಡುಗ ಮೈದಾನದಲ್ಲಿದ್ದರೆ ಕೂತುಕೊಳ್ಳುತ್ತಾನೆ. ಬಾವಿಯಲ್ಲಿದ್ದರೆ?

ಕೆಲಸ ದೊಡ್ಡದೇನಲ್ಲ. ನೀರಿಗಿಳಿಯುವ ಅರ್ಧ ತಾಸು ಮೊದಲು ಒಂದು ಗ್ಲಾಸ್ ನೀರು. ಆಮೇಲೆ ಪ್ರತಿ 20 ನಿಮಿಷಕ್ಕೆ ಮೇಲೆ ಕರೆದು ಕುಡಿಸುವುದು. ಬಿಸಿಲಲ್ಲಿ ಆಡುವ 9ರಿಂದ 12 ವರ್ಷದ ಮಕ್ಕಳಿಗೆ ಪ್ರತಿ 20 ನಿಮಿಷಕ್ಕೆ 100ರಿಂದ 250 ಮಿ.ಲೀ. ಸಾಕು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲಿ ಹೇಳಿದೆ. ಅಂದರೆ ಅರ್ಧ ಗ್ಲಾಸಿನಿಂದ ಒಂದು ಗ್ಲಾಸ್. ಚಿಕ್ಕವರಿಗೆ ನಾಲ್ಕೈದು ಗುಟುಕು ಸಾಕು. ಒತ್ತಾಯದಿಂದ ಲೀಟರ್‌ಗಟ್ಟಲೆ ಕುಡಿಸಬೇಡಿ, ರಕ್ತದಲ್ಲಿ ಉಪ್ಪಿನಂಶ ಇಳಿದರೆ ಅದೂ ಅಪಾಯವೇ. 2019ರಲ್ಲಿ ಕೇರಳದ ಶಾಲೆಗಳಲ್ಲಿ ಮಕ್ಕಳಿಗೆ ನೀರು ಕುಡಿಸಲೆಂದೇ ‘ವಾಟರ್ ಬೆಲ್’ ಹೊಡೆಯೋದು ಸುದ್ದಿಯಾಗಿತ್ತಲ್ಲ, ಬಾವಿಕಟ್ಟೆಯ ಕಾಕಾ ಕೂಡ ಅದನ್ನೇ ಮಾಡಬಹುದು. ಮೊಬೈಲಿನಲ್ಲಿ ಅಲಾರಾಂ ಇದ್ದೇ ಇದೆ.

ಏನು ಕುಡಿಸಬೇಕು? ಮನೆಯಿಂದ ತಂದ ನೀರು. ಬಾವಿಯದೇ ನೀರು ಬೇಡ. ಹತ್ತು ಹುಡುಗರು ಈಸಿದ, ಸುತ್ತಲ ಹೊಲದ ಗೊಬ್ಬರ ಇಳಿದ ನೀರದು. ಅದರಿಂದ ಭೇದಿ ಹತ್ತಿದರೆ ಮೈಯ ನೀರು ಇನ್ನೂ ಬೇಗ ಖಾಲಿ. ಎರಡು ತಾಸು ಈಜಿ ಬಂದವನಿಗೆ ಉಪ್ಪು ಹಾಕಿದ ಮಜ್ಜಿಗೆ, ಲಿಂಬು ಶರಬತ್ತು, ಕಲ್ಲಂಗಡಿ ಹೋಳು ಕೊಡಿ. ಕಬ್ಬಿನ ಸೀಮೆಯವರಾದ ನಮಗೆ ಕಬ್ಬಿನ ಹಾಲಿನ ಆಸೆ ಬಿಡೋದು ಕಷ್ಟ, ಆದರೆ ಗಾಡಿಯವನ ಬರ್ಫು ಯಾವ ನೀರಿಂದು ಅಂತ ನೋಡಿ.

ನನಗೆ ನಿಜವಾಗಿ ಸಿಟ್ಟು ಬರಿಸೋದು ಅಂಗಡಿಯ ಬಾಟಲಿಗಳು. ಎನರ್ಜಿ ಡ್ರಿಂಕ್ ಬಾಟಲಿಯ ಮೇಲೆ ‘ಮಕ್ಕಳಿಗಲ್ಲ’ ಅಂತ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಇರುತ್ತದೆ, ಓದೋರ್ಯಾರು? ಓಆರ್‌ಎಸ್ ಕಥೆ ಇನ್ನೂ ವಿಚಿತ್ರ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಮಾತ್ರ. ಅದರ ಹಲವು ಪಟ್ಟು ಸಕ್ಕರೆ ತುಂಬಿದ ಪಾನೀಯಗಳು ಅದೇ ಹೆಸರು ಹೊತ್ತು ವರ್ಷಗಟ್ಟಲೆ ಮಾರಾಟವಾದವು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಹಟ ಹಿಡಿದು ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಎಫ್‌ಎಸ್‌ಎಸ್‌ಎಐ ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಿನಲ್ಲಿ ಆ ಪದ ಇರಬಾರದೆಂದು ಆದೇಶಿಸಿತು. ಅಸಲಿ ಓಆರ್‌ಎಸ್ ಕೂಡ ವಾಂತಿಭೇದಿಗೆ ಔಷಧ. ಚೆನ್ನಾಗಿ ಉಂಡು ಆಡುವ ಹುಡುಗನಿಗೆ ನೀರು, ಮಜ್ಜಿಗೆ ಸಾಕು.

ಮನೆಗೆ ಬಂದ ಮೇಲೆ ಮೂತ್ರದ ಬಣ್ಣ ನೋಡಲು ಹುಡುಗನಿಗೇ ಹೇಳಿಕೊಡಿ: ತಿಳಿ ಇದ್ದರೆ ಸರಿ, ಗಾಢ ಹಳದಿ ಇದ್ದರೆ ಇನ್ನಷ್ಟು ನೀರು. ತುಟಿ ಒಣಗಿದೆ, ತಲೆನೋವು, ಸುಮ್ಮಸುಮ್ಮನೆ ಕಿರಿಕಿರಿ ಮಾಡುತ್ತಾನೆ ಅಂದರೆ ಅವತ್ತು ಮತ್ತೆ ನೀರಿಗಿಳಿಸಬೇಡಿ, ನೆರಳಿಗೆ ಕೂಡಿಸಿ ಗುಟುಕು ಗುಟುಕಾಗಿ ಕುಡಿಸಿ. ವಾಂತಿ ನಿಲ್ಲದಿದ್ದರೆ, ಮಂಪರು ಬಂದರೆ, ಏಳೆಂಟು ತಾಸು ಮೂತ್ರವೇ ಆಗದಿದ್ದರೆ ತಡ ಮಾಡದೆ ದವಾಖಾನೆಗೆ ಕರೆದುಕೊಂಡು ಹೋಗಿ.