ಹಾಸಿಗೆ ಇದ್ದಷ್ಟು ಕಾಲು ಚಾಚುವ ಮನೆ

ಮನೆಗೇ ಚಕ್ರ ಕಟ್ಟಿಕೊಂಡು ಊರೂರು ಸುತ್ತುವ ಅಮೆರಿಕದ ಸಂಸಾರಗಳಲ್ಲಿ ನೀರಿಗೂ ಲೆಕ್ಕ, ಕರೆಂಟಿಗೂ ಲೆಕ್ಕ. ಅಂಥ ಮನೆಗೆ ಊರು ನೋಡಲು ನೆಂಟರು ಬಂದರೆ?

ನಮ್ಮ ಕಡೆ ಮನೆಗೆ ಯಾರಾದರೂ ಬಂದರೆ ಮೊದಲು ಕೇಳಿಬರುವ ಮಾತು, ‘ಬನ್ನಿ ಬನ್ನಿ, ಕೈಕಾಲು ತೊಳ್ಕೊಳ್ಳಿ’. ಆಮೇಲೆ ಒಂದು ಲೋಟ ನೀರು, ಜೊತೆಗೊಂದು ತುಂಡು ಬೆಲ್ಲ. ಅಮೆರಿಕದ ಅರಿಜೋನಾ ರಾಜ್ಯದ ಬಯಲಲ್ಲಿ ನಿಂತ ‘ಆರ್‌ವಿ’ಗೆ ನೆಂಟರು ಬಂದರೂ ಉಪಚಾರಕ್ಕೆ ಕೊರತೆಯಿಲ್ಲ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ‘ಸೋಪು ಹಚ್ಚುವಾಗ ನಲ್ಲಿ ನಿಲ್ಲಿಸಿಬಿಡಿ.’

ಆರ್‌ವಿ ಎಂದರೆ ರಿಕ್ರಿಯೇಷನಲ್ ವೆಹಿಕಲ್. ಕೆಲವು ಬಸ್ಸಿನಂತೆ ತಾವೇ ಓಡುತ್ತವೆ. ಇವಕ್ಕೆ ಮೋಟರ್‌ಹೋಮ್ ಎನ್ನುತ್ತಾರೆ. ಇನ್ನು ಕೆಲವು ಟ್ರೇಲರ್‌ಗಳು. ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿ ಎಳೆದೊಯ್ಯಬೇಕು. ಒಳಗೆ ಪುಟ್ಟ ಅಡುಗೆಮನೆ, ಮಂಚ, ಬಚ್ಚಲು, ಶೌಚಾಲಯ ಎಲ್ಲವೂ ಇರುತ್ತವೆ. ರಜೆಯಲ್ಲಿ ಒಂದು ವಾರಕ್ಕೆ ಬಾಡಿಗೆ ಹಿಡಿಯುವವರು ಬಹಳ ಮಂದಿ. ಆದರೆ ಇಟ್ಟಿಗೆ ಗೋಡೆಯ ಮನೆಯನ್ನೇ ಬಿಟ್ಟು ವರ್ಷವಿಡೀ ಇದರಲ್ಲೇ ಇರುವವರೂ ಇದ್ದಾರೆ. ಚಳಿಗಾಲಕ್ಕೆ ದಕ್ಷಿಣದ ಬೆಚ್ಚನೆಯ ಮರುಭೂಮಿ, ಬೇಸಿಗೆಗೆ ತಂಪು ಗುಡ್ಡ. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ನಮ್ಮ ಅಪ್ಪ ಅಮ್ಮಂದಿರಲ್ಲೂ ಕೆಲವರಿಗೆ ಇಂಥ ಮನೆಯ ಅನುಭವ ಆಗುವುದುಂಟು.

ಹಾಸನದಿಂದ ಅತ್ತೆಯೊಬ್ಬರು ಇಂಥ ಮನೆಗೆ ಒಂದು ವಾರದ ಮಟ್ಟಿಗೆ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಅವರಿಗೆ ಗ್ರ್ಯಾಂಡ್ ಕ್ಯಾನ್ಯನ್ ನೋಡಬೇಕು. ಮನೆಯವರಿಗೆ ಅವರನ್ನು ಚೆನ್ನಾಗಿ ನೋಡಿಕೊಳ್ಳಬೇಕು. ಎರಡೂ ನೆರವೇರಬೇಕಾದರೆ ಮೊದಲ ಸಂಜೆಯೇ ಮನೆಯ ಅಳತೆ ಅವರಿಗೆ ತಿಳಿಯಬೇಕು.

ಮೂರು ಟ್ಯಾಂಕುಗಳ ಸಂಸಾರ

ಆರ್‌ವಿಯ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಮೂರು ಟ್ಯಾಂಕ್ ಇರುತ್ತವೆ. ಒಂದರಲ್ಲಿ ಶುದ್ಧ ನೀರು. ಎರಡನೆಯದು ‘ಗ್ರೇ’ ಟ್ಯಾಂಕ್. ಸ್ನಾನ ಮಾಡಿದ, ಪಾತ್ರೆ ತೊಳೆದ ನೀರು ಅದಕ್ಕೆ ಹೋಗುತ್ತದೆ. ಮೂರನೆಯದು ‘ಬ್ಲ್ಯಾಕ್’ ಟ್ಯಾಂಕ್, ಶೌಚಾಲಯದ್ದು. ನೀರು, ಕರೆಂಟು, ಚರಂಡಿ ಮೂರರ ಸಂಪರ್ಕವೂ ಇರುವ ಕ್ಯಾಂಪಿನಲ್ಲಿ ನಿಂತಿದ್ದರೆ ಚಿಂತೆ ಕಡಿಮೆ. ಕಾಡಿನ ಅಂಚಿನಲ್ಲೋ ಮರುಭೂಮಿಯಲ್ಲೋ ಸಂಪರ್ಕವಿಲ್ಲದೆ ನಿಂತರೆ ಈ ಮೂರು ಟ್ಯಾಂಕುಗಳೇ ಮನೆಯ ಯಜಮಾನರು.

ಲೆಕ್ಕ ಹಾಕಿ ನೋಡಿ. ಮಧ್ಯಮ ಗಾತ್ರದ ಆರ್‌ವಿಯಲ್ಲಿ ಶುದ್ಧ ನೀರಿನ ಟ್ಯಾಂಕ್ 40 ಗ್ಯಾಲನ್ ಹಿಡಿಯುತ್ತದೆ ಎನ್ನೋಣ. ಅಂದರೆ ಸುಮಾರು 150 ಲೀಟರ್. ಅಮೆರಿಕದ ಮಾಮೂಲಿ ಮನೆಗಳ ಷವರ್ ನಿಮಿಷಕ್ಕೆ 2.5 ಗ್ಯಾಲನ್, ಅಂದರೆ ಸುಮಾರು 9.5 ಲೀಟರ್ ನೀರು ಬಿಡಬಹುದು ಎಂಬುದು ಅಲ್ಲಿನ ಕಾನೂನಿನ ಮಿತಿ. ಅಂಥ ಷವರ್ ಕೆಳಗೆ ಎಂಟು ನಿಮಿಷ ನಿಂತರೆ 76 ಲೀಟರ್ ಖರ್ಚು. ಇಬ್ಬರು ಹೀಗೆ ಸ್ನಾನ ಮಾಡಿದರೆ ಟ್ಯಾಂಕ್ ಖಾಲಿ! ಅಡುಗೆಗೂ ಇಲ್ಲ, ಕುಡಿಯಲೂ ಇಲ್ಲ.

ಅದಕ್ಕೇ ಆರ್‌ವಿಯಲ್ಲಿ ಸ್ನಾನದ ಕ್ರಮವೇ ಬೇರೆ. ಮೈ ಒದ್ದೆ ಮಾಡಿಕೊಳ್ಳುವುದು, ನಲ್ಲಿ ನಿಲ್ಲಿಸುವುದು, ಸೋಪು ಹಚ್ಚುವುದು, ಮತ್ತೆ ನಲ್ಲಿ ತಿರುಗಿಸಿ ತೊಳೆದುಕೊಳ್ಳುವುದು. ಷವರ್ ಕೆಳಗೇ ಬೆಳೆದವರಿಗೆ ಇದು ಶಿಕ್ಷೆಯಂತೆ ಕಾಣಬಹುದು. ಹಾಸನದ ಅತ್ತೆಗೆ ಇದರಲ್ಲಿ ಹೊಸದೇನೂ ಇಲ್ಲ. ಒಂದು ಬಕೆಟ್ಟು, ಒಂದು ಚೊಂಬು ಕೊಟ್ಟರೆ 15 ಲೀಟರಿನಲ್ಲಿ ತಲೆಯಿಂದ ಕಾಲಿನವರೆಗೆ ಸ್ನಾನ ಮುಗಿಸಿ ಬಂದಾರು. ನಲ್ಲಿ ಬರುವ ಮುಂಚಿನ ದಿನಗಳಲ್ಲಿ ಬಾವಿಯಿಂದ ಸೇದಿ ಹಂಡೆ ತುಂಬಿದ ಕೈಗೆ ನೀರಿನ ತೂಕ ಚೆನ್ನಾಗಿ ಗೊತ್ತು.

ಬಂದ ನೀರು ಹೋಗಲೂಬೇಕು. ಗ್ರೇ ಟ್ಯಾಂಕ್ ತುಂಬಿದರೆ ಕೊಳೆ ನೀರು ಬಚ್ಚಲಿನ ನೆಲಕ್ಕೇ ಉಕ್ಕುತ್ತದೆ. ಆದ್ದರಿಂದ ಎಣ್ಣೆ ಬಾಣಲೆಯನ್ನು ಮೊದಲು ಕಾಗದದಿಂದ ಒರೆಸಿ ಆಮೇಲೆ ತೊಳೆಯುತ್ತಾರೆ. ಶೌಚಾಲಯಕ್ಕೆ ಬೇಗ ಕರಗುವ ಕಾಗದವನ್ನಷ್ಟೇ ಹಾಕಬೇಕು. ಒದ್ದೆ ವೈಪ್ಸ್ ಹಾಕಿದರೆ ಕಟ್ಟಿಕೊಳ್ಳುವುದು ಖಂಡಿತ. ಟ್ಯಾಂಕ್ ತುಂಬಿದಾಗ ಡಂಪ್ ಸ್ಟೇಷನ್ನಿಗೆ ಒಯ್ದು, ಕೈಗವಸು ಹಾಕಿಕೊಂಡು, ದಪ್ಪ ಕೊಳವೆ ಜೋಡಿಸಿ ಖಾಲಿ ಮಾಡುತ್ತಾರೆ. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಯಾಕೆ ಗೊತ್ತೇ ಮಕ್ಕಳೇ? ಹಿಂದಿನಿಂದ ಬರುವ ಸೋಪಿನ ನೀರು ಕೊಳವೆಯನ್ನು ತೊಳೆದುಬಿಡುತ್ತದೆ.

ಎಸಿ ಬೇಕೋ, ಇಡ್ಲಿ ಬಿಸಿ ಆಗಬೇಕೋ?

ಕರೆಂಟಿನ ಕಥೆಯೂ ಹೀಗೆಯೇ. ಬಹಳಷ್ಟು ಆರ್‌ವಿಗಳ ಸಂಪರ್ಕ 30 ಆಂಪಿಯರಿನದು. ಅಮೆರಿಕದಲ್ಲಿ ವೋಲ್ಟೇಜ್ 120. ಎರಡನ್ನೂ ಗುಣಿಸಿದರೆ 3600 ವಾಟ್. ಎಸಿಗೆ ಸುಮಾರು 1500, ಮೈಕ್ರೋವೇವ್‌ಗೆ ಹೆಚ್ಚುಕಡಿಮೆ ಅಷ್ಟೇ, ತಲೆಗೂದಲು ಒಣಗಿಸುವ ಡ್ರೈಯರ್‌ಗೂ ಅಷ್ಟೇ. ಮೂರೂ ಒಟ್ಟಿಗೆ ಓಡಿದರೆ 4500. ಟಪ್ ಎಂದು ಬ್ರೇಕರ್ ಬಿದ್ದು ಮನೆ ಕತ್ತಲು. ಹಾಗಾಗಿ ಇಡ್ಲಿ ಬಿಸಿಯಾಗುವವರೆಗೆ ಕೂದಲು ಕಾಯಬೇಕು. ಊರಿಂದ ತಂದ ಮಿಕ್ಸಿ ಅಲ್ಲಿ ಸರಿಯಾಗಿ ತಿರುಗುವುದೂ ಇಲ್ಲ. ಅದು 230 ವೋಲ್ಟಿಗೆ ಮಾಡಿದ್ದು.

ಒಗ್ಗರಣೆಗೂ ಒಂದು ಎಚ್ಚರಿಕೆ ಬೇಕು. ಪುಟ್ಟ ಗೂಡಿನಲ್ಲಿ ಸಾಸಿವೆ ಸಿಡಿದು, ಒಣಮೆಣಸಿನ ಘಾಟು ಎದ್ದರೆ ಹೊಗೆಯ ಅಲಾರಾಂ ಬೊಬ್ಬೆ ಹೊಡೆಯುತ್ತದೆ. ಆ ಅಲಾರಾಂ ಕಿತ್ತಿಡುವಂತಿಲ್ಲ. ಗ್ಯಾಸ್ ಒಲೆಯಿರುವ, ಕಿರಿದಾದ, ಜನ ಮಲಗುವ ವಾಹನದಲ್ಲಿ ಅದು ಜೀವ ಕಾಯುವ ಸಾಧನ. ಆದ್ದರಿಂದ ಘಾಟಿನ ಅಡುಗೆಯೆಲ್ಲ ಹೊರಗಿನ ಮೇಜಿನ ಮೇಲೆ, ಮಡಚುವ ಒಲೆಯಲ್ಲಿ.

ರಾತ್ರಿ ಮೂರು ಗಂಟೆಯ ಅಂಗಳ

ಅತಿಥಿಯ ಹಾಸಿಗೆ ಎಲ್ಲಿ? ಊಟದ ಮೇಜೇ ಹಾಸಿಗೆ! ಮೇಜನ್ನು ಕೆಳಗಿಳಿಸಿ, ಕೂರುವ ಮೆತ್ತೆಗಳನ್ನು ಅದರ ಮೇಲೆ ಜೋಡಿಸಿದರೆ ಮಂಚ ಸಿದ್ಧ. ತೊಂದರೆ ಏನೆಂದರೆ, ಅತಿಥಿ ಹತ್ತು ಗಂಟೆಯವರೆಗೆ ಮಲಗಿದರೆ ಮನೆಯವರಿಗೆ ತಿಂಡಿ ತಿನ್ನಲು ಮೇಜಿಲ್ಲ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಭಾರತಕ್ಕೂ ಅರಿಜೋನಾಕ್ಕೂ ಹನ್ನೆರಡೂವರೆ ಗಂಟೆಯ ವ್ಯತ್ಯಾಸ. ಹೊಸದಾಗಿ ಬಂದವರಿಗೆ ನಡುರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ. ಒಂದು ಹೆಜ್ಜೆ ಇಟ್ಟರೆ ಇಡೀ ಮನೆ ಅಲುಗುತ್ತದೆ. ನಲ್ಲಿ ತಿರುಗಿಸಿದರೆ ಪಂಪು ಗುರ್ ಎನ್ನುತ್ತದೆ. ಇದಕ್ಕೆ ಅನುಭವಸ್ಥರು ಕಂಡುಕೊಂಡ ಉಪಾಯ, ಬಾಗಿಲ ಹೊರಗೆ ಒಂದು ಕುರ್ಚಿ, ಒಂದು ಕಂಬಳಿ. ಗ್ರ್ಯಾಂಡ್ ಕ್ಯಾನ್ಯನ್‌ಗೆ 2019ರಲ್ಲಿ ‘ಅಂತರರಾಷ್ಟ್ರೀಯ ಕತ್ತಲಾಕಾಶ ಉದ್ಯಾನ’ ಎಂಬ ಮನ್ನಣೆ ಸಿಕ್ಕಿದೆ. ಬೀದಿದೀಪವಿಲ್ಲದ ಆ ಕತ್ತಲಲ್ಲಿ ಆಕಾಶಗಂಗೆ ಬರಿಗಣ್ಣಿಗೆ ಹಾಲು ಚೆಲ್ಲಿದಂತೆ ಕಾಣುತ್ತದೆ. ನಿದ್ದೆ ಬಾರದ ಅತಿಥಿಗೆ ಇದಕ್ಕಿಂತ ಒಳ್ಳೆಯ ಕೋಣೆ ಕೊಡಲಾಗದು.

ಒಂದು ವಾರ ಜೊತೆಗಿರಲು ಇಕ್ಕಟ್ಟು ಎನಿಸಿದರೆ ಎರಡು ರಾತ್ರಿ ಹತ್ತಿರದ ಲಾಡ್ಜಿನಲ್ಲಿ ಮಲಗುವುದು ಅಲ್ಲಿ ಅವಮಾನದ ಮಾತಲ್ಲ. ಹಗಲು ಜೊತೆಗೆ, ರಾತ್ರಿ ಬೇರೆ. ನೆಂಟಸ್ತಿಕೆ ಕೆಡುವುದಕ್ಕಿಂತ ಅದೇ ವಾಸಿ.

ಮನೆ ಕದಲಿಸಬೇಡಿ, ಕಾರು ಕದಲಿಸಿ

ನೆಂಟರ ಕೈಯಲ್ಲಿ ಏಳು ದಿನ, ಪಟ್ಟಿಯಲ್ಲಿ ಹದಿನೇಳು ಜಾಗ. ಆರ್‌ವಿಯವರ ಬದುಕೋ ನಿಧಾನದ್ದು. ಮನೆ ಕದಲಬೇಕಾದರೆ ಕಪಾಟುಗಳನ್ನು ಭದ್ರಪಡಿಸಬೇಕು, ತಂತಿ, ಕೊಳವೆ ಬಿಚ್ಚಬೇಕು. ಮುಂದಿನ ಜಾಗದಲ್ಲಿ ಚಕ್ರದ ಕೆಳಗೆ ಹಲಗೆ ಕೊಟ್ಟು ಮತ್ತೆ ಸಮತಟ್ಟು ಮಾಡಬೇಕು. ಗ್ಯಾಸಿನಿಂದ ನಡೆಯುವ ಹಳೆಯ ಬಗೆಯ ಫ್ರಿಜ್ಜು ವಾಹನ ಓರೆ ನಿಂತರೆ ಸರಿಯಾಗಿ ತಂಪಾಗುವುದೂ ಇಲ್ಲ. ದಿನಾ ಇದನ್ನೇ ಮಾಡಿದರೆ ನೋಡುವುದು ಯಾವಾಗ?

ಆದ್ದರಿಂದ ಮನೆಯನ್ನು ಒಂದೆಡೆ ನಿಲ್ಲಿಸಿ, ಜೊತೆಗಿರುವ ಕಾರಿನಲ್ಲಿ ಸುತ್ತುವುದು ಜಾಣತನ. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿಗೆ ಸುಮಾರು 95 ಕಿ.ಮೀ. ದೂರದಲ್ಲಿ ವಿಲಿಯಮ್ಸ್ ಎಂಬ ಊರಿದೆ. ಅಲ್ಲಿಂದ ಕಣಿವೆಯ ಅಂಚಿಗೇ ರೈಲು ಹೋಗುತ್ತದೆ. 1901ರಲ್ಲಿ ಶುರುವಾದ ಈ ರೈಲು 1968ರಲ್ಲಿ ನಿಂತು, 1989ರಲ್ಲಿ ಮತ್ತೆ ಓಡತೊಡಗಿತು. ಅಂಚಿನ ಉದ್ದಕ್ಕೂ ಉಚಿತ ಬಸ್ಸುಗಳಿವೆ. ಪಕ್ಕದ ಯೂಟಾ ರಾಜ್ಯದ ಝಯಾನ್ ಉದ್ಯಾನದಲ್ಲಿ 1930ರಲ್ಲಿ ತೆರೆದ ಸುರಂಗ ರಸ್ತೆಯೊಂದಿದೆ. ಅದು ಎಷ್ಟು ಕಿರಿದೆಂದರೆ ದೊಡ್ಡ ಆರ್‌ವಿಗಳು ಎದುರುಬದುರು ದಾಟುವಂತಿಲ್ಲ. ಅಲ್ಲಿ ಕಾರೇ ಗತಿ.

ಉದ್ಯಾನದ ಒಳಗೇ ತಂಗಬೇಕೆಂದರೆ ಆರು ತಿಂಗಳ ಮೊದಲೇ ಜಾಗ ಕಾದಿರಿಸಬೇಕಾಗುತ್ತದೆ. ಅತಿಥಿ ವಿಮಾನದ ಟಿಕೆಟ್ ತೆಗೆಸುವ ಮೊದಲು ಒಂದು ಫೋನ್ ಮಾಡುವುದು ಒಳ್ಳೆಯದು.

ಇನ್ನು, ಬೇಡ ಎನ್ನಲೇಬೇಕಾದ ಒಂದು ಸಂದರ್ಭ. ಕಣಿವೆ ಒಂದು ಮೈಲಿಯಷ್ಟು ಆಳ. ಅಂಚಿನಲ್ಲಿ ನಿಂತಾಗ ತಂಪುಗಾಳಿ, ಕೆಳಗೆ ದಾರದಂತೆ ಕೊಲೊರಾಡೊ ನದಿ. ‘ಇಳಿದು ಮುಟ್ಟಿ ಬರೋಣ’ ಎನ್ನಿಸುವುದು ಸಹಜ. ಆದರೆ ಬೇಸಿಗೆಯಲ್ಲಿ ಕೆಳಗಿನ ಬಿಸಿ 38 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಇಳಿಯುವುದು ಸುಲಭ, ಹತ್ತಲು ಅದರ ಎರಡರಷ್ಟು ಹೊತ್ತು ಬೇಕು. ಒಂದೇ ದಿನದಲ್ಲಿ ನದಿಗೆ ಇಳಿದು ಹಿಂತಿರುಗಬೇಡಿ ಎಂದು ಉದ್ಯಾನದವರೇ ಎಚ್ಚರಿಸುತ್ತಾರೆ. ಇಲ್ಲಿ ಅತಿಥಿಯ ಮನಸ್ಸು ನೋಯಿಸಬಾರದೆಂದು ಸುಮ್ಮನಿರುವುದು ಉಪಚಾರವಲ್ಲ.

ಬಂಡೆಯ ಮೇಲಿನ ಬಿಳಿ ಗೆರೆ

ಆರ್‌ವಿಯಲ್ಲಿ ನಾಲ್ಕು ದಿನ ಕಳೆದ ಅತಿಥಿ ಈ ಸೀಮೆಯನ್ನು ನೋಡುವ ಬಗೆಯೇ ಬದಲಾಗಿರುತ್ತದೆ. ಹೂವರ್ ಅಣೆಕಟ್ಟನ್ನೇ ನೋಡಿ. 1935ರಲ್ಲಿ ಉದ್ಘಾಟನೆಯಾದ ಇದರ ಎತ್ತರ 221 ಮೀಟರ್. ಎಲ್ಲರೂ ಆ ಗೋಡೆಯ ಫೋಟೊ ತೆಗೆಯುತ್ತಾರೆ. ನೀರಿನ ಮುಳ್ಳು ನೋಡಿ ನೋಡಿ ಅಭ್ಯಾಸವಾದವರ ಕಣ್ಣು ಮಾತ್ರ ಹಿಂದಿನ ಮೀಡ್ ಸರೋವರದ ಬಂಡೆಗಳಿಗೆ ಹೋಗುತ್ತದೆ. ಅಲ್ಲಿ ಬಚ್ಚಲ ಗೋಡೆಯ ಕಲೆಯಂತೆ ಅಗಲವಾದ ಬಿಳಿ ಪಟ್ಟಿ. ಹಿಂದೊಮ್ಮೆ ನೀರು ಅಲ್ಲಿಯವರೆಗೆ ನಿಂತಿತ್ತೆಂಬ ಗುರುತು. 2022ರ ಬೇಸಿಗೆಯಲ್ಲಿ ಸರೋವರ, 1930ರ ದಶಕದಲ್ಲಿ ಮೊದಲ ಸಲ ತುಂಬಿದ ನಂತರದ ಅತಿ ಕಡಿಮೆ ಮಟ್ಟಕ್ಕೆ ಇಳಿಯಿತು. ತುಂಬಿದ ಮಟ್ಟಕ್ಕಿಂತ 150 ಅಡಿಗೂ ಹೆಚ್ಚು ಕೆಳಗೆ! ಈ ಕೊಲೊರಾಡೊ ನದಿಯನ್ನು ನೆಚ್ಚಿಕೊಂಡವರು ಸುಮಾರು 4 ಕೋಟಿ ಜನ.

ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿನ ನಲ್ಲಿಗಳಿಗೆ ನೀರು ಬರುವುದೂ ಒಂದೇ ಪೈಪಿನಿಂದ. ಉತ್ತರ ಅಂಚಿನ ಕೆಳಗಿರುವ ಚಿಲುಮೆಯೊಂದರಿಂದ ಸುಮಾರು 20 ಕಿ.ಮೀ. ದೂರ, ಕಣಿವೆಯನ್ನು ಹಾದು ಅದು ಬರುತ್ತದೆ. 1960ರ ದಶಕದಲ್ಲಿ ಹಾಕಲಾರಂಭಿಸಿದ ಈ ಪೈಪು ಪದೇ ಪದೇ ಒಡೆಯುತ್ತದೆ. 2024ರ ಆಗಸ್ಟ್ ಕೊನೆಗೆ ಹಾಗೆ ಒಡೆದಾಗ ಅಂಚಿನ ಹೋಟೆಲುಗಳಲ್ಲಿ ಕೆಲವು ದಿನ ಯಾರೂ ರಾತ್ರಿ ತಂಗುವಂತಿರಲಿಲ್ಲ. ನಲ್ಲಿ ನಿಂತರೂ ಮ್ಯಾಥರ್ ಕ್ಯಾಂಪ್‌ಗ್ರೌಂಡಿನಲ್ಲಿ ತಂಗಲು ಬಿಟ್ಟರು. ತಮ್ಮ ನೀರನ್ನು ತಾವೇ ಹೊತ್ತು ತಂದವರಿಗೆ ಅಲ್ಲಿ ಜಾಗವಿತ್ತು.

ಅಲ್ಲಿಂದ ಪೂರ್ವಕ್ಕೆ ಹೋದರೆ ನವಾಹೊ ಜನರ ನಾಡು. ಸಿನಿಮಾಗಳಲ್ಲಿ ಕಾಣುವ ಕೆಂಪು ಬಂಡೆಗಳ ಮಾನ್ಯುಮೆಂಟ್ ವ್ಯಾಲಿ ಅವರದೇ. ಬೇಸಿಗೆಯಲ್ಲಿ ಅರಿಜೋನಾದ ಗಡಿಯಾರಕ್ಕಿಂತ ಅವರ ಗಡಿಯಾರ ಒಂದು ಗಂಟೆ ಮುಂದಿರುತ್ತದೆ ಎಂಬುದನ್ನು ಅತಿಥಿಗಳು ನೆನಪಿಡಬೇಕು. ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. ಆ ನಾಡಿನ ಹತ್ತರಲ್ಲಿ ಸುಮಾರು ಮೂರು ಮನೆಗಳಿಗೆ ಇಂದಿಗೂ ನಲ್ಲಿ ನೀರಿಲ್ಲ. ಪಿಕಪ್ ಟ್ರಕ್ಕಿನಲ್ಲಿ ಡ್ರಮ್ ಇಟ್ಟುಕೊಂಡು ದೂರದಿಂದ ನೀರು ತರುತ್ತಾರೆ. ಅವರಿಗೆ ನೀರು ಒದಗಿಸಲು ಸರ್ಕಾರ ತಾನಾಗಿ ಕ್ರಮ ಕೈಗೊಳ್ಳಬೇಕೆಂದು 1868ರ ಒಪ್ಪಂದ ಹೇಳುವುದಿಲ್ಲ ಎಂದು 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಐವರು ನ್ಯಾಯಮೂರ್ತಿಗಳು ಅದರ ಪರ, ನಾಲ್ವರು ವಿರುದ್ಧ.

ಆರ್‌ವಿಯವರು ತಾವಾಗಿ ಆರಿಸಿಕೊಂಡ ಲೆಕ್ಕ ಇದು. ಬೇಸರವಾದರೆ ನಲ್ಲಿಯಿರುವ ಕ್ಯಾಂಪಿಗೆ ಮನೆಯನ್ನು ಓಡಿಸಬಹುದು. ನವಾಹೊ ಅಜ್ಜಿಗೆ ಆ ಅನುಕೂಲವಿಲ್ಲ. ವಾರವಿಡೀ ನಲ್ಲಿ ನಿಲ್ಲಿಸಿ ಸೋಪು ಹಚ್ಚಿದ ಅತಿಥಿಗೆ ರಸ್ತೆಯಲ್ಲಿ ಎದುರಾದ ಆ ಡ್ರಮ್ಮಿನ ಗಾಡಿ ಬರಿಯ ನೋಟವಾಗಿ ಉಳಿಯುವುದಿಲ್ಲ.

ನಲ್ಲಿ ತಿರುಗಿಸಿದಷ್ಟೂ ನೀರು ಬರುವ ಮನೆಯಲ್ಲಿ ನೆಂಟರಿಗೆ ಏನು ಕೊಟ್ಟೆವೆಂದು ಕೊಟ್ಟವರಿಗೇ ತಿಳಿಯುವುದಿಲ್ಲ. 150 ಲೀಟರಿನ ಮನೆಯಲ್ಲಿ ಒಂದು ಬಕೆಟ್ ನೀರು ಕೊಟ್ಟರೆ ಅದು ಯಾರ ಪಾಲಿನದೆಂದು ಕೊಟ್ಟವರಿಗೂ ಗೊತ್ತು, ಪಡೆದವರಿಗೂ ಗೊತ್ತು.

ಆರ್‌ವಿಗೆ ಹೋಗುವ ನೆಂಟರಿಗೆ

* ಗಟ್ಟಿ ಸೂಟ್‌ಕೇಸ್ ಬೇಡ. ಮಡಚಿಡಬಹುದಾದ ಬಟ್ಟೆಯ ಚೀಲ ಒಯ್ಯಿರಿ.
* ವಾಹನ ಓಡುವಾಗ ಸೀಟ್‌ಬೆಲ್ಟ್ ಹಾಕಿ ಕುಳಿತಿರಿ. ಎಳೆದೊಯ್ಯುವ ಟ್ರೇಲರಿನೊಳಗೆ ಕೂರುವುದು ಹಲವು ರಾಜ್ಯಗಳಲ್ಲಿ ಕಾನೂನುಬಾಹಿರ.
* ಯಾವ ಸ್ವಿಚ್ಚಾಗಲಿ, ನಲ್ಲಿಯಾಗಲಿ, ಮೊದಲ ದಿನ ಕೇಳಿಯೇ ಮುಟ್ಟಿ.
* ಕ್ಯಾಂಪುಗಳಲ್ಲಿ ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ.
* ಕ್ಯಾಂಪಿನ ಬಾಡಿಗೆ, ಡೀಸೆಲ್, ದಿನಸಿಯಲ್ಲಿ ನಿಮ್ಮ ಪಾಲು ಕೊಡಿ. ಟ್ಯಾಂಕ್ ಖಾಲಿ ಮಾಡುವ ದಿನ ಕೈಗವಸು ಕೇಳಿ ಪಡೆದು ಪಕ್ಕದಲ್ಲಿ ನಿಲ್ಲಿ. ಮತ್ತೆ ಕರೆಯುವುದು ಖಂಡಿತ.